ಲಾಕ್ ಇತ್ತು, ಆದರೂ ಸರ್ವರ್ ಬಿತ್ತು

ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಒಳಗಿನ ಫೈಲ್ ಸರ್ವರ್ ಕೋಡ್ ರಿವ್ಯೂಗೆ ಬಂದರೆ ನಾನು ಮೊದಲು ಹುಡುಕುವುದು ಅನ್‌ಲಾಕ್ ಸಾಲುಗಳನ್ನು. ಲಾಕ್ ಅಂದರೆ ಒಂದು ಡೇಟಾವನ್ನು ಒಮ್ಮೆಗೆ ಒಬ್ಬರೇ ಮುಟ್ಟುವಂತೆ ಕಾಯುವ ಬೀಗ. ಅದನ್ನು ಹಿಡಿಯುವ ಕೆಲಸವನ್ನು ಸಾಮಾನ್ಯವಾಗಿ ಎಲ್ಲರೂ ಸರಿಯಾಗೇ ಮಾಡಿರುತ್ತಾರೆ. ಲಾಕ್ ಬಿಟ್ಟ ಮೇಲೂ ಕೈಯಲ್ಲಿ ಉಳಿದ ಪಾಯಿಂಟರನ್ನು (ಮೆಮೊರಿ ವಿಳಾಸವನ್ನು) ಎಷ್ಟು ಹೊತ್ತು ನಂಬುತ್ತಾರೆ, ಎಡವಟ್ಟು ಇರುವುದು ಅಲ್ಲಿ.

ಒಂದು ನಿಜವಾದ ಉದಾಹರಣೆ ನೋಡೋಣ. ಕೆಎಸ್‌ಎಂಬಿಡಿ ಎಂಬ ಎಸ್‌ಎಂಬಿ (ನೆಟ್‌ವರ್ಕ್ ಮೇಲೆ ಫೈಲ್ ಹಂಚಿಕೊಳ್ಳುವ ಪ್ರೋಟೋಕಾಲ್) ಸರ್ವರ್ 2021ರಲ್ಲಿ, 5.15ನೇ ಆವೃತ್ತಿಯ ಹೊತ್ತಿಗೆ, ಲಿನಕ್ಸ್ ಕರ್ನಲ್ ಒಳಗೆ ಬಂತು. ಅದರ ಲಾಗ್‌ಆಫ್ ಕೋಡಿನಲ್ಲಿ 2025ರಲ್ಲಿ ಒಂದು ದೋಷ ಸಿಕ್ಕಿತು. ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-2025-37899 ಅದರ ನಂಬರ್. ಲಾಗ್‌ಆಫ್ ರಿಕ್ವೆಸ್ಟ್ ಬಂದಾಗ ಆ ಕೋಡ್ ಸೆಷನ್‌ಗೆ ಸೇರಿದ ಯೂಸರ್ ಆಬ್ಜೆಕ್ಟನ್ನು ಫ್ರೀ ಮಾಡಿ (ಅದರ ಮೆಮೊರಿ ವಾಪಸ್ ಕೊಟ್ಟು), ಪಾಯಿಂಟರ್‌ಗೆ ನಲ್ (ಏನನ್ನೂ ತೋರಿಸದ ಖಾಲಿ ವಿಳಾಸ) ಹಾಕುತ್ತಿತ್ತು. ಓದಿದರೆ ಅಚ್ಚುಕಟ್ಟಾಗೇ ಇದೆ, ಅಲ್ವಾ?

ಆದರೆ ಎಸ್‌ಎಂಬಿ 3ರಲ್ಲಿ ಒಂದೇ ಸೆಷನ್‌ಗೆ ಹಲವು ಕನೆಕ್ಷನ್‌ಗಳು ಸೇರಿಕೊಳ್ಳಬಹುದು. ಮೊದಲ ಕನೆಕ್ಷನ್‌ನಲ್ಲಿ ಲಾಗ್‌ಆಫ್ ನಡೆಯುತ್ತಿದೆ ಅಂದುಕೊಳ್ಳಿ. ಅದೇ ಹೊತ್ತಿಗೆ ಎರಡನೆಯದು ಅದೇ ಸೆಷನ್‌ಗೆ ಸೇರಿಕೊಳ್ಳಲು ಸೆಷನ್ ಸೆಟಪ್ ರಿಕ್ವೆಸ್ಟ್ ಕಳಿಸಿದೆ. ಅದನ್ನು ನೋಡಿಕೊಳ್ಳುತ್ತಿರುವ ಥ್ರೆಡ್ (ಸರ್ವರ್‌ನ ಒಂದು ಕೆಲಸದ ಎಳೆ) ಬೇರೆ ಸಿಪಿಯು ಮೇಲೆ ಓಡುತ್ತಾ ಇದೇ ಯೂಸರ್ ಪಾಯಿಂಟರನ್ನು ಓದಿಕೊಂಡಿದೆ. ಈ ಕಡೆ ಫ್ರೀ ಆಯಿತು, ಆ ಕಡೆ ಇನ್ನೂ ಬಳಕೆ ನಡೆದೇ ಇದೆ. ನಲ್ ಹಾಕಿದ್ದರಿಂದ ಏನೂ ಉಪಯೋಗವಿಲ್ಲ, ಯಾಕಂದರೆ ಹಳೆಯ ವಿಳಾಸ ಆಗಲೇ ಆ ಥ್ರೆಡ್‌ನ ರಿಜಿಸ್ಟರ್‌ನಲ್ಲಿ ಕೂತಿದೆ. ಖಾಲಿಯಾದ ಆ ಜಾಗಕ್ಕೆ ಕರ್ನಲ್ ಬೇರೇನನ್ನೋ ತುಂಬಿಸಿದ್ದರೆ ಆಗುವುದು ಬರೀ ಕ್ರ್ಯಾಶ್ ಅಲ್ಲ, ದಾಳಿಕೋರನಿಗೆ ತೆರೆದ ಬಾಗಿಲು.

ಇಂಥದ್ದು ಕಂಡಾಗ ಹೊಸಬರು ಕೂಡಲೇ ಹೇಳುವುದು, 'ಆ ಎರಡು ಸಾಲಿನ ಸುತ್ತ ಒಂದು ಲಾಕ್ ಹಾಕಿಬಿಡೋಣ' ಅಂತ. ಬರೆಯುವವನು ಲಾಕ್ ಹಿಡಿದು ಓದುವವನು ಹಿಡಿಯದಿದ್ದರೆ ಆ ಲಾಕ್ ಸುಮ್ನೆ ಅಲಂಕಾರ. ಓದುವವರೆಲ್ಲ ಬಳಕೆ ಮುಗಿಯುವ ತನಕ ಹಿಡಿದೇ ಇರಬೇಕು. ಇಲ್ಲಿ ಬಂದ ಫಿಕ್ಸ್ ನನಗೆ ತುಂಬಾ ಇಷ್ಟ: ಲಾಗ್‌ಆಫ್‌ನಲ್ಲಿದ್ದ ಫ್ರೀ ಸಾಲುಗಳನ್ನೇ ಕಿತ್ತು ಹಾಕಿದರು. ಯೂಸರ್ ಆಬ್ಜೆಕ್ಟ್ ಸೆಷನ್ ಇರುವ ತನಕ ಇರುತ್ತದೆ, ಸೆಷನ್ ಜೊತೆಗೇ ಹೋಗುತ್ತದೆ. ಲಾಕ್ ಸಮಸ್ಯೆಯಂತೆ ಕಂಡಿದ್ದು ಅಸಲಿಗೆ ಆಯಸ್ಸಿನ ಸಮಸ್ಯೆ. ಫೈಲ್ ಸರ್ವರ್‌ನಲ್ಲಿ ನಾನು ನೋಡಿದ ರೇಸ್‌ಗಳಲ್ಲಿ (ಎರಡು ಥ್ರೆಡ್‌ಗಳ ಹೆಜ್ಜೆ ಯಾವ ಕ್ರಮದಲ್ಲಿ ಬೀಳುತ್ತದೆ ಅನ್ನುವುದರಿಂದ ಹುಟ್ಟುವ ದೋಷಗಳಲ್ಲಿ) ಜಾಸ್ತಿ ಪಾಲು ಇದೇ ಜಾತಿಯವು.

ರೆಫರೆನ್ಸ್ ಕೌಂಟ್ (ಆಬ್ಜೆಕ್ಟನ್ನು ಎಷ್ಟು ಜನ ಬಳಸುತ್ತಿದ್ದಾರೆ ಅನ್ನುವ ಲೆಕ್ಕ, ಸೊನ್ನೆಯಾದರೆ ಫ್ರೀ) ಇಟ್ಟರೆ ಆಯಿತಲ್ಲ ಅನ್ನಬಹುದು. ಇಡಲೇಬೇಕು. ಆದರೂ ಒಂದು ಸಂದು ಉಳಿಯುತ್ತದೆ. ಹ್ಯಾಶ್ ಟೇಬಲ್‌ನಲ್ಲಿ (ಆಬ್ಜೆಕ್ಟ್‌ಗಳನ್ನು ಬೇಗ ಹುಡುಕಲು ಇಟ್ಟ ಪಟ್ಟಿಯಲ್ಲಿ) ನಿಮಗೆ ಸಿಕ್ಕ ಆಬ್ಜೆಕ್ಟ್‌ನ ಕೌಂಟ್ ಅಷ್ಟರಲ್ಲೇ ಸೊನ್ನೆಗೆ ಇಳಿದಿರಬಹುದು. ಬಿಟ್ಟವನು ಇನ್ನೂ ಟೇಬಲ್‌ನಿಂದ ತೆಗೆದಿಲ್ಲ ಅಷ್ಟೇ. ಅದನ್ನು ಒಂದಕ್ಕೆ ಏರಿಸಿದರೆ ಸತ್ತವನನ್ನು ಎಬ್ಬಿಸಿ ಕೂರಿಸಿದ ಹಾಗೆ. ಅದಕ್ಕೇ ಕರ್ನಲ್‌ನಲ್ಲಿ 'ಸೊನ್ನೆ ಅಲ್ಲದಿದ್ದರೆ ಮಾತ್ರ ಏರಿಸು' ಅನ್ನುವ ಫಂಕ್ಷನ್ ಬೇರೆಯೇ ಇದೆ. ಅದು ಆಗಲ್ಲ ಅಂದರೆ ಆ ಆಬ್ಜೆಕ್ಟ್ ಇಲ್ಲವೇ ಇಲ್ಲ ಅಂದುಕೊಂಡು ಮುಂದೆ ಹೋಗಬೇಕು.

ಇನ್ನೊಂದು ಪಜೀತಿ ನಿದ್ದೆಯದು. ಸ್ಪಿನ್‌ಲಾಕ್ (ಸಿಗುವ ತನಕ ಸಿಪಿಯು ಸುತ್ತುತ್ತಲೇ ಕಾಯುವ ಲಾಕ್) ಹಿಡಿದವನು ನಿದ್ದೆ ಮಾಡುವಂತಿಲ್ಲ, ಅಂದರೆ ಸಿಪಿಯು ಬಿಟ್ಟುಕೊಟ್ಟು ಕಾಯುವಂತಿಲ್ಲ. ಫೈಲ್ ಸರ್ವರ್‌ಗೋ ಹೆಜ್ಜೆ ಹೆಜ್ಜೆಗೂ ನಿದ್ದೆ: ಡಿಸ್ಕ್ ಓದಬೇಕು, ಮೆಮೊರಿ ಕೇಳಬೇಕು. ಹಾಗಾಗಿ ಓಪನ್ ರಿಕ್ವೆಸ್ಟ್ ಬಂದಾಗ ಲಾಕ್ ಹಿಡಿದು ಟೇಬಲ್ ನೋಡುತ್ತೀರಿ, ಫೈಲ್ ಇರುವುದಿಲ್ಲ, ಲಾಕ್ ಬಿಟ್ಟು ಹೊಸದಕ್ಕೆ ಮೆಮೊರಿ ತರುತ್ತೀರಿ, ಮತ್ತೆ ಲಾಕ್ ಹಿಡಿದು ಸೇರಿಸುತ್ತೀರಿ. ನಡುವಿನ ಆ ಗ್ಯಾಪ್‌ನಲ್ಲಿ ಇನ್ನೊಬ್ಬ ಕ್ಲೈಂಟ್ ಅದೇ ಫೈಲನ್ನು ಸೇರಿಸಿಬಿಟ್ಟಿರುತ್ತಾನೆ. ಈಗ ಒಂದೇ ಫೈಲ್‌ಗೆ ಎರಡು ಆಬ್ಜೆಕ್ಟ್. ಒಂದರಲ್ಲಿ 'ಬೇರೆಯವರು ಬರೆಯಬಾರದು' ಅಂತಿದೆ, ಇನ್ನೊಂದಕ್ಕೆ ಅದು ಗೊತ್ತೇ ಇಲ್ಲ. ಕ್ರ್ಯಾಶ್ ಆಗಲ್ಲ, ಡೇಟಾ ಮೆಲ್ಲಗೆ ಕೆಡುತ್ತದೆ. ನನ್ನ ಮಟ್ಟಿಗೆ ಕ್ರ್ಯಾಶೇ ವಾಸಿ. ಎರಡನೇ ಸಲ ಲಾಕ್ ಹಿಡಿದ ಮೇಲೆ ಮತ್ತೆ ಹುಡುಕಿಯೇ ಸೇರಿಸಬೇಕು. ಲಿನಕ್ಸ್‌ನ ಎನ್‌ಎಫ್‌ಎಸ್ 4 (ಫೈಲ್ ಹಂಚಿಕೊಳ್ಳುವ ಇನ್ನೊಂದು ಪ್ರೋಟೋಕಾಲ್) ಸರ್ವರ್ ಓಪನ್ ಶುರುವಾಗುವಾಗಲೇ ಮೆಮೊರಿ ತಂದಿಟ್ಟುಕೊಳ್ಳುತ್ತದೆ. ಬೇಡವಾದರೆ ಕೊನೆಗೆ ವಾಪಸ್ ಕೊಡುತ್ತದೆ.

ಇಷ್ಟೆಲ್ಲ ಯಾಕೆ, ಎಲ್ಲಕ್ಕೂ ಒಂದೇ ದೊಡ್ಡ ಲಾಕ್ ಸಾಲದಾ? ಹಾಗೂ ಇತ್ತು. ಆ ಎನ್‌ಎಫ್‌ಎಸ್ 4 ಸರ್ವರ್‌ನಲ್ಲಿ ಓಪನ್, ಕ್ಲೋಸ್, ಫೈಲ್ ಲಾಕ್ ಸ್ಥಿತಿಗೆಲ್ಲ ಒಂದೇ ಮ್ಯೂಟೆಕ್ಸ್ (ಹಿಡಿದವನು ನಿದ್ದೆ ಮಾಡಬಹುದಾದ ಲಾಕ್) ಇತ್ತು. ಅದನ್ನು ತೆಗೆದದ್ದು 2014ರಲ್ಲಿ, 3.17ನೇ ಆವೃತ್ತಿಗೆ. ದೊಡ್ಡ ಲಾಕ್ ನಿಧಾನ ಅನ್ನುವುದು ಎಲ್ಲರಿಗೂ ಗೊತ್ತು. ಯಾವ ಡೇಟಾಗೆ ಯಾವ ಲಾಕ್ ಕಾವಲು ಅಂತ ಯೋಚಿಸುವ ಅಭ್ಯಾಸವೇ ಅದರಿಂದ ತಪ್ಪಿಹೋಗುತ್ತದೆ, ನನ್ನ ತಕರಾರು ಅದು. ಒಡೆಯಲು ಕೂತಾಗ ಆ ಲೆಕ್ಕವೆಲ್ಲ ಒಟ್ಟಿಗೆ ಮೈಮೇಲೆ ಬರುತ್ತದೆ.

ಡೆಡ್‌ಲಾಕ್ (ಇಬ್ಬರೂ ಒಬ್ಬರಿಗಾಗಿ ಒಬ್ಬರು ಕಾಯುತ್ತಾ ಸಿಕ್ಕಿಬೀಳುವುದು) ವಿಷಯಕ್ಕೆ ಬಂದರೆ, ಕರ್ನಲ್ ಒಳಗಿನದ್ದನ್ನು ಹಿಡಿಯಲು ಲಾಕ್‌ಡೆಪ್ ಅನ್ನುವ ಟೂಲ್ ಇದೆ, 2006ರಿಂದಲೂ. ಯಾವ ಲಾಕ್ ಆದ ಮೇಲೆ ಯಾವುದನ್ನು ಹಿಡಿದಿರಿ ಅಂತ ಅದು ನೆನಪಿಟ್ಟುಕೊಂಡು, ಕ್ರಮ ಒಮ್ಮೆ ಉಲ್ಟಾ ಆದರೂ ಕೂಗುತ್ತದೆ. ಆದರೆ ಫೈಲ್ ಸರ್ವರ್‌ಗೆ ಅದರ ಕಣ್ಣಿಗೆ ಬೀಳದ ಒಂದು ಡೆಡ್‌ಲಾಕ್ ಇದೆ. ಒಂದು ಕ್ಲೈಂಟ್‌ಗೆ ಫೈಲ್ ಮೇಲೆ ಡೆಲಿಗೇಷನ್ (ವಾಪಸ್ ಕೇಳುವ ತನಕ ಸರ್ವರನ್ನು ಕೇಳದೆ ಫೈಲ್ ಬಳಸುವ ಅನುಮತಿ) ಕೊಟ್ಟಿದ್ದೀರಿ. ಇನ್ನೊಂದು ಕ್ಲೈಂಟ್ ಅದೇ ಫೈಲ್ ಕೇಳುತ್ತದೆ. ಮೊದಲನೆಯದಕ್ಕೆ 'ವಾಪಸ್ ಕೊಡು' ಅಂತ ಹೇಳಿ, ಲಾಕ್ ಹಿಡಿದುಕೊಂಡೇ ಕಾಯುತ್ತೀರಿ. ವಾಪಸ್ ಕೊಡುವ ರಿಕ್ವೆಸ್ಟ್ ಬರುತ್ತದೆ, ಅದಕ್ಕೂ ಅದೇ ಲಾಕ್ ಬೇಕು. ಸುತ್ತು ನೆಟ್‌ವರ್ಕ್ ದಾಟಿ ಹೋಗಿ ಬಂದಿದೆ, ಲಾಕ್‌ಡೆಪ್‌ಗೆ ಹೇಗೆ ಕಾಣಬೇಕು?

ಲಾಕ್ ಬಿಟ್ಟು ಕಾದರೂ ಪೂರ್ತಿ ಬಚಾವಲ್ಲ. ಸರ್ವರ್‌ನಲ್ಲಿ 8 ಥ್ರೆಡ್ ಇವೆ ಅಂದುಕೊಳ್ಳಿ. ಎಂಟೂ ಹೀಗೆ ಕಾಯುತ್ತಾ ಕೂತರೆ, ವಾಪಸ್ ಕೊಡಲು ಬಂದ ರಿಕ್ವೆಸ್ಟನ್ನು ತೆಗೆದುಕೊಳ್ಳಲು ಯಾರೂ ಇಲ್ಲ. ಇಲ್ಲಿ ಥ್ರೆಡ್‌ಗಳೇ ಲಾಕ್ ಆದವು. ಕೇಳಿದ ಕ್ಲೈಂಟ್‌ಗೆ 'ಆಮೇಲೆ ಬಾ' ಅನ್ನುವ ಉತ್ತರ ಕೊಟ್ಟು ಥ್ರೆಡ್ ಬಿಡಿಸಿಕೊಳ್ಳುವುದೇ ದಾರಿ. ಎನ್‌ಎಫ್‌ಎಸ್ 4ರಲ್ಲಿ ಇದಕ್ಕೆಂದೇ ಡಿಲೇ ಅನ್ನುವ ಎರರ್ ಕೋಡ್ ಇದೆ.

ತಪ್ಪು ಹಿಡಿಯುವ ಟೂಲ್‌ಗಳಲ್ಲಿ ಮೆಮೊರಿ ತಪ್ಪಿಗೆ ಕೇಸಾನ್, ಡೇಟಾ ರೇಸ್‌ಗೆ ಕೆಸಿಸಾನ್ ಇವೆ. ಎರಡನ್ನೂ ಒಂದೇ ಕರ್ನಲ್‌ನಲ್ಲಿ ಆನ್ ಮಾಡಲು ಆಗಲ್ಲ, ಟೆಸ್ಟ್ ಮಷೀನ್‌ನಲ್ಲಿ ಒಂದೊಂದಕ್ಕೂ ಬೇರೆ ಕರ್ನಲ್ ಇಟ್ಟು ಓಡಿಸಿ, ನಿಧಾನವಾಗುತ್ತದೆ ಅಂತ ಗೊಣಗಬೇಡಿ. ಆದರೂ ಕೋಡ್ ಆ ಸಂದಿನಲ್ಲಿ ಓಡಿದರೆ ತಾನೇ ಅವಕ್ಕೆ ಕಾಣುವುದು.

ಒಮ್ಮೆ ನಾನು ಒಂದು ಕ್ರ್ಯಾಶ್ ಹಿಂದೆ ಮೂರು ವಾರ ಬಿದ್ದಿದ್ದೆ. ಸರ್ವರ್ ಎರಡು ಮೂರು ದಿನಕ್ಕೊಮ್ಮೆ ಬೀಳುತ್ತಿತ್ತು. ಏನಾಗುತ್ತಿದೆ ನೋಡೋಣ ಅಂತ ಪ್ರಿಂಟ್ ಸಾಲು ಹಾಕಿದರೆ ಬೀಳುವುದೇ ನಿಂತಿತು. ಪ್ರಿಂಟ್ ತೆಗೆದುಕೊಳ್ಳುವ ಸಮಯ ಆ ಸಂದನ್ನೇ ಮುಚ್ಚಿಬಿಟ್ಟಿತ್ತು. ಕೊನೆಗೆ ಪ್ರಿಂಟ್ ತೆಗೆದು, ಅನುಮಾನವಿದ್ದ ಅನ್‌ಲಾಕ್ ಸಾಲಿನ ಕೆಳಗೆ 500 ಮಿಲಿಸೆಕೆಂಡ್ ನಿದ್ದೆ ಹಾಕಿದೆ. ಎರಡು ಕ್ಲೈಂಟ್‌ಗಳಿಂದ ಒಂದೇ ಫೈಲನ್ನು ಓಪನ್, ಕ್ಲೋಸ್ ಮಾಡುತ್ತಾ ಹೋದೆ. ನಿಮಿಷವೂ ಆಗಲಿಲ್ಲ, ಬಿತ್ತು.