ಅಲಿಯಾಸ್ ಕೊಡದ ಕಾಲಮ್‌ಗೆ ಹೆಸರಿಡುವವರು ಯಾರು?

ಆರ್ಡರ್‌ಗಳ ಟೇಬಲ್ ಒಂದಿದೆ, ಅದರಲ್ಲಿ 'ಮೊತ್ತ' ಅನ್ನುವ ಕಾಲಮ್ ಇದೆ ಅಂದುಕೊಳ್ಳಿ. ಎಲ್ಲ ಸಾಲುಗಳ ಮೊತ್ತ ಕೂಡಿಸಲು ಸಮ್(ಮೊತ್ತ) ಎಂದು ಕೇಳುವ ಚಿಕ್ಕ ಕ್ವೆರಿ, ಅಂದರೆ ಡೇಟಾಬೇಸ್‌ಗೆ ಎಸ್‌ಕ್ಯೂಎಲ್ ಭಾಷೆಯಲ್ಲಿ ಕೇಳುವ ಪ್ರಶ್ನೆ ಬರೆಯುತ್ತೀರಿ. ಉತ್ತರದ ಕಾಲಮ್‌ಗೆ ನೀವೇ ಇಡಬಹುದಾದ ಹೆಸರು, ಅಂದರೆ ಅಲಿಯಾಸ್, ಕೊಟ್ಟಿಲ್ಲ. ಬರುವ ಸಂಖ್ಯೆ ಎಲ್ಲ ಡೇಟಾಬೇಸ್‌ಗಳಲ್ಲೂ ಒಂದೇ. ಆ ಸಂಖ್ಯೆಯ ಮೇಲೆ ಕೂರುವ ಕಾಲಮ್ ಹೆಸರು ಮಾತ್ರ ಬೇರೆ ಬೇರೆ. ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ಬರೀ 'ಸಮ್' ಅನ್ನುತ್ತದೆ. ಮೈಎಸ್‌ಕ್ಯೂಎಲ್ ಮತ್ತು ಎಸ್‌ಕ್ಯೂಲೈಟ್ ನೀವು ಟೈಪ್ ಮಾಡಿದ್ದನ್ನೇ ಹಾಗ್ಹಾಗೇ ಹೆಸರಾಗಿ ಎತ್ತಿಕೊಳ್ಳುತ್ತವೆ. ಒರಾಕಲ್ ಅದೇ ಪಠ್ಯವನ್ನು ದೊಡ್ಡಕ್ಷರಕ್ಕೆ ತಿರುಗಿಸಿ, ನಡುವಿನ ಖಾಲಿ ಜಾಗ ತೆಗೆದು ಕೊಡುತ್ತದೆ. ಎಸ್‌ಕ್ಯೂಎಲ್ ಸರ್ವರ್ ಹೆಸರೇ ಇಡುವುದಿಲ್ಲ. ಮ್ಯಾನೇಜ್‌ಮೆಂಟ್ ಸ್ಟುಡಿಯೋದಲ್ಲಿ 'ನೋ ಕಾಲಮ್ ನೇಮ್' ಎಂದು ಕಾಣುತ್ತದಲ್ಲ, ಅದು ಆ ಟೂಲ್ ತೋರಿಸುವ ಮಾತು. ನಿಮ್ಮ ಕೋಡ್‌ಗೆ ಸಿಗುವುದು ಖಾಲಿ ಸ್ಟ್ರಿಂಗ್, ಅಂದರೆ ಒಂದಕ್ಷರವೂ ಇಲ್ಲದ ಪಠ್ಯ.

ಇವುಗಳಲ್ಲಿ ಯಾವುದೂ ತಪ್ಪಲ್ಲ. 1992ರ ಎಸ್‌ಕ್ಯೂಎಲ್ ಸ್ಟ್ಯಾಂಡರ್ಡ್ ಇದರ ಬಗ್ಗೆ ಸ್ಪಷ್ಟವಾಗಿಯೇ ಹೇಳಿದೆ. 'ಆ್ಯಸ್' ಹಾಕಿ ಹೆಸರು ಕೊಟ್ಟಿದ್ದರೆ ಅದೇ ಹೆಸರು. ಕೊಡದೆ ಬರೀ ಒಂದು ಕಾಲಮ್ ಕೇಳಿದ್ದರೆ ಆ ಕಾಲಮ್‌ನ ಹೆಸರು. ಲೆಕ್ಕಾಚಾರವೋ ಫಂಕ್ಷನ್ನೋ ಇದ್ದರೆ, ಹೆಸರು ಏನಿರಬೇಕು ಅನ್ನುವುದು ಡೇಟಾಬೇಸ್ ಬರೆಯುವವರಿಗೆ ಬಿಟ್ಟದ್ದು. ಅಂದರೆ ಆ ಹೆಸರಿನ ಬಗ್ಗೆ ಯಾರೂ ನಿಮಗೆ ಮಾತು ಕೊಟ್ಟಿಲ್ಲ. ಆದರೂ ನಮ್ಮ ಕೋಡ್ ಆ ಹೆಸರು ಹಿಡಿದೇ ಬೆಲೆ ಓದುತ್ತದೆ. ಬೆಲೆ ಸರಿ ಇದೆಯಾ ಅಂತ ನೂರು ಟೆಸ್ಟ್ ಬರೆಯುವ ತಂಡಗಳು ಹೆಸರು ಸರಿ ಇದೆಯಾ ಅಂತ ಒಂದೂ ಬರೆದಿರುವುದಿಲ್ಲ. ನನ್ನ ಪ್ರಕಾರ ಕಾಲಮ್ ಹೆಸರು ಕೂಡ ರಿಸಲ್ಟ್‌ನ ಭಾಗವೇ. ಬೆಲೆಗೆ ಕೊಡುವಷ್ಟೇ ಗಮನ ಅದಕ್ಕೂ ಸಿಗಬೇಕು.

ಪೋಸ್ಟ್‌ಗ್ರೆಸ್‌ನ ನಿಯಮ ಸ್ವಲ್ಪ ನೋಡೋಣ, ಯಾಕೆಂದರೆ ಅದು ಹೊರಗಿನಿಂದ ಕಾಣುವಷ್ಟು ಸರಳ ಇಲ್ಲ. ಎರಡು ಕಾಲಮ್ ಕೂಡಿಸಿದರೆ '?ಕಾಲಮ್?' ಅನ್ನುವ ಪ್ರಸಿದ್ಧ ಹೆಸರು ಬರುತ್ತದೆ. ಫಂಕ್ಷನ್ ಕರೆದರೆ ಫಂಕ್ಷನ್‌ನ ಹೆಸರು. ಒಂದು ಸ್ಟ್ರಿಂಗನ್ನು ಇಂಟಿಜರ್‌ಗೆ ಕಾಸ್ಟ್ ಮಾಡಿದರೆ (ಪೂರ್ಣಾಂಕದ ಟೈಪ್‌ಗೆ ಬದಲಿಸಿದರೆ) 'ಇಂಟ್4', ಅಂದರೆ ಟೈಪ್‌ನ ಒಳಹೆಸರು. ಅದೇ ಒಂದು ಕಾಲಮನ್ನು ಕಾಸ್ಟ್ ಮಾಡಿದರೆ ಕಾಲಮ್‌ನ ಹೆಸರೇ ಉಳಿಯುತ್ತದೆ. ಷರತ್ತು ನೋಡಿ ಬೆಲೆ ಆರಿಸುವ ಕೇಸ್ ಬರೆದರೆ ಸಾಮಾನ್ಯವಾಗಿ 'ಕೇಸ್' ಎಂದು ಬರುತ್ತದೆ. ಆದರೆ ಯಾವ ಷರತ್ತೂ ಹೊಂದದಾಗ ಬಳಸುವ ಎಲ್ಸ್ ಭಾಗದಲ್ಲಿ ಒಂದು ಕಾಲಮ್ ಇದ್ದರೆ ಅದರ ಹೆಸರು ಮೇಲೆ ಬರುತ್ತದೆ. ಹಾಗಾಗಿ ಯಾರೋ ಎಲ್ಸ್‌ನಲ್ಲಿದ್ದ ಕಾಲಮ್ ತೆಗೆದು ಸೊನ್ನೆ ಹಾಕಿದರೆ ಬೆಲೆಯ ಜೊತೆ ಹೆಸರೂ ಬದಲಾಗುತ್ತದೆ. ಕೋಡ್ ರಿವ್ಯೂನಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಡೇಟಾಬೇಸ್‌ನ ವರ್ಷನ್ ಬದಲಾದಾಗಲೂ ಹೀಗಾಗುತ್ತದೆ. ಪೋಸ್ಟ್‌ಗ್ರೆಸ್ 13ರವರೆಗೆ ದಿನಾಂಕದಿಂದ ವರ್ಷ ತೆಗೆಯಲು ಎಕ್ಸ್‌ಟ್ರಾಕ್ಟ್ ಬಳಸಿದರೆ ಕಾಲಮ್‌ಗೆ 'ಡೇಟ್_ಪಾರ್ಟ್' ಅನ್ನುವ ಹೆಸರು ಬರುತ್ತಿತ್ತು, ಒಳಗೆ ಓಡುತ್ತಿದ್ದ ಫಂಕ್ಷನ್ ಅದೇ ಆಗಿತ್ತು. 14ರಲ್ಲಿ ಎಕ್ಸ್‌ಟ್ರಾಕ್ಟ್‌ಗೆ ತನ್ನದೇ ಫಂಕ್ಷನ್ ಬಂತು, ಉತ್ತರದ ಟೈಪ್ ನ್ಯೂಮರಿಕ್ ಆಯಿತು, ಹೆಸರು 'ಎಕ್ಸ್‌ಟ್ರಾಕ್ಟ್' ಆಯಿತು. ಕ್ವೆರಿಯ ಒಂದಕ್ಷರವೂ ಬದಲಾಗಿಲ್ಲ. ಡೇಟ್_ಪಾರ್ಟ್ ಎಂದು ಓದುವ ಕೋಡ್ ಮಾತ್ರ ಅಪ್‌ಗ್ರೇಡ್ ಆದ ತಕ್ಷಣ ಮುರಿದು ಬೀಳುತ್ತದೆ.

ಮುರಿದು ಬಿದ್ದರೆ ವಾಸಿ. ಎರರ್ ಬರುತ್ತದೆ, ಹುಡುಕಿ ಸರಿಮಾಡಬಹುದು. ನನಗೆ ಜಾಸ್ತಿ ಭಯ ಇರುವುದು ಎರರ್ ಇಲ್ಲದೆ ತಪ್ಪು ಬೆಲೆ ಓದಿಸುವ ಹೆಸರುಗಳ ಬಗ್ಗೆ. ಅದರಲ್ಲಿ ಮೊದಲನೆಯದು, ಒಂದೇ ಹೆಸರಿನ ಎರಡು ಕಾಲಮ್.

ಗ್ರಾಹಕರ ಟೇಬಲ್‌ನಲ್ಲಿ 'ಐಡಿ' ಇದೆ, ಆರ್ಡರ್ ಟೇಬಲ್‌ನಲ್ಲೂ 'ಐಡಿ' ಇದೆ. ಎರಡನ್ನೂ ಜಾಯಿನ್ ಮಾಡಿ (ಹೊಂದುವ ಸಾಲುಗಳನ್ನು ಜೋಡಿಸಿ) ಎಲ್ಲ ಕಾಲಮ್ ಕೇಳುವ ಸೆಲೆಕ್ಟ್ ಸ್ಟಾರ್ ಅಂದರೆ ರಿಸಲ್ಟ್‌ನಲ್ಲಿ ಎರಡು 'ಐಡಿ' ಬರುತ್ತವೆ. ಡೇಟಾಬೇಸ್ ಇದಕ್ಕೆ ತಕರಾರು ಮಾಡುವುದಿಲ್ಲ, ಹೊರಗಿನ ಸೆಲೆಕ್ಟ್‌ನಲ್ಲಿ ಒಂದೇ ಹೆಸರು ಎರಡು ಸಲ ಬರಬಹುದು. ಗ್ರಾಹಕರ ಐಡಿ 7, ಆರ್ಡರ್‌ನ ಐಡಿ 431 ಎಂದಿಟ್ಟುಕೊಳ್ಳಿ. ಜಾವಾದಲ್ಲಿ ಡೇಟಾಬೇಸ್ ಜೊತೆ ಮಾತಾಡಲು ಬಳಸುವ ಜೆಡಿಬಿಸಿ ಮೂಲಕ 'ಐಡಿ' ಕೇಳಿದರೆ ಮೊದಲು ಸಿಕ್ಕ ಕಾಲಮ್‌ನ ಬೆಲೆ ಬರುತ್ತದೆ, ಅಂದರೆ 7. ಪಿಎಚ್‌ಪಿಯಲ್ಲಿ ಮೈಎಸ್‌ಕ್ಯೂಎಲ್‌ಐನ ಫೆಚ್ ಅಸೋಕ್ ಬಳಸಿದರೆ ಕೊನೆಯದು ಗೆಲ್ಲುತ್ತದೆ, 431. ಪೈಥಾನ್‌ನಲ್ಲಿ ಪ್ರತಿ ಸಾಲನ್ನೂ ಹೆಸರಿಗೊಂದೇ ಬೆಲೆ ಇಡುವ ಡಿಕ್ಷನರಿಗೆ ತುಂಬಿಸಿಕೊಂಡರೂ ಉಳಿಯುವುದು ಕೊನೆಯದೇ. ಈ ಮೂರೂ ನಡವಳಿಕೆಗಳು ಅವುಗಳ ದಾಖಲೆಗೆ ತಕ್ಕಂತೆಯೇ ಇವೆ. ಜೋಡಿ ಸಿಗದಿದ್ದರೂ ಎಡಗಡೆಯ ಸಾಲನ್ನು ಉಳಿಸುವ ಲೆಫ್ಟ್ ಜಾಯಿನ್ ಆದರೆ ಇನ್ನೂ ಕಷ್ಟ. ಒಂದೂ ಆರ್ಡರ್ ಕೊಡದ ಗ್ರಾಹಕರಿಗೆ ಬಲಗಡೆಯ ಐಡಿ ನಲ್ (ಬೆಲೆಯೇ ಇಲ್ಲ) ಆಗಿರುತ್ತದೆ, ಕೊನೆಯದು ಗೆಲ್ಲುವ ಕಡೆ ಗ್ರಾಹಕರ ಐಡಿಯೇ ಮಾಯ.

ಇದಕ್ಕೆ ಟೆಸ್ಟ್ ಇತ್ತಲ್ಲ ಅನ್ನಬಹುದು. ಇರುತ್ತದೆ. ಆದರೆ ಟೆಸ್ಟ್‌ಗೆ ಅಂತ ತುಂಬಿಸಿದ ಡೇಟಾ ನೋಡಿ. ಹೊಸ ಡೇಟಾಬೇಸ್, ಒಬ್ಬ ಗ್ರಾಹಕ, ಒಂದು ಆರ್ಡರ್. ಎರಡು ಟೇಬಲ್‌ನ ಐಡಿಗಳೂ 1ರಿಂದ ಶುರು. ಎರಡು ಐಡಿಯೂ 1 ಆದರೆ ಯಾವುದನ್ನು ಓದಿದರೂ ಟೆಸ್ಟ್ ಪಾಸ್! ಆದ್ದರಿಂದ ಟೆಸ್ಟ್ ಡೇಟಾದಲ್ಲಿ ಒಂದು ಟೇಬಲ್‌ನ ಐಡಿ ಇನ್ನೊಂದರಲ್ಲಿ ಇರಲೇಬಾರದು. ಗ್ರಾಹಕರದು 7ರ ಆಸುಪಾಸು, ಆರ್ಡರ್‌ದು 400ರ ಮೇಲೆ, ಹೀಗೆ ದೂರದೂರ ಇಡಿ. ಖರ್ಚಿಲ್ಲದ ಈ ಒಂದು ಅಭ್ಯಾಸ ಎಷ್ಟೋ ಬಗ್‌ಗಳನ್ನು ಹೊರಗೆಳೆಯುತ್ತದೆ.

ಹೆಸರಿನ ಟೆಸ್ಟ್ ಬರೆಯುವುದು ಕಷ್ಟವೇನಲ್ಲ. ಕ್ವೆರಿ ಓಡಿಸಿ, ಡ್ರೈವರ್ (ನಿಮ್ಮ ಕೋಡನ್ನು ಡೇಟಾಬೇಸ್‌ಗೆ ಜೋಡಿಸುವ ಲೈಬ್ರರಿ) ಕೊಡುವ ಕಾಲಮ್ ಹೆಸರುಗಳ ಪಟ್ಟಿ ತೆಗೆದುಕೊಳ್ಳಿ. ಪೈಥಾನ್‌ನಲ್ಲಿ ಕರ್ಸರ್‌ನ ಡಿಸ್ಕ್ರಿಪ್ಷನ್‌ನಲ್ಲಿ ಪ್ರತಿ ಕಾಲಮ್‌ನ ಮೊದಲ ಅಂಶವೇ ಹೆಸರು. ಜಾವಾದಲ್ಲಿ ಮೆಟಾಡೇಟಾದ ಗೆಟ್‌ಕಾಲಮ್‌ಲೇಬಲ್. ಆ ಪಟ್ಟಿಯನ್ನು ನಿಮಗೆ ಬೇಕಾದ ಪಟ್ಟಿಯ ಜೊತೆ ಹೋಲಿಸಿ: ಪೂರ್ತಿ ಪಟ್ಟಿ, ಅದೇ ಕ್ರಮ, ಅಕ್ಷರಕ್ಕೆ ಅಕ್ಷರ. 'ಈ ಹೆಸರು ಪಟ್ಟಿಯಲ್ಲಿ ಇದೆಯಾ' ಅಂತ ಮಾತ್ರ ಕೇಳಿದರೆ ಎರಡನೇ 'ಐಡಿ' ತಪ್ಪಿಸಿಕೊಳ್ಳುತ್ತದೆ. ಸಾಲನ್ನು ಡಿಕ್ಷನರಿ ಮಾಡಿಕೊಂಡು ಅದರ ಕೀಗಳನ್ನು ನೋಡಿದರೂ ಅಷ್ಟೇ, ಅಷ್ಟು ಹೊತ್ತಿಗೆ ಒಂದು ಕಾಲಮ್ ಆಗಲೇ ಹೋಗಿರುತ್ತದೆ. ಜಾವಾದವರಿಗೆ ಇನ್ನೊಂದು ಮಾತು. ಗೆಟ್‌ಕಾಲಮ್‌ನೇಮ್ ಬೇರೆ, ಗೆಟ್‌ಕಾಲಮ್‌ಲೇಬಲ್ ಬೇರೆ. ಅಲಿಯಾಸ್ ಸಿಗುವುದು ಲೇಬಲ್‌ನಲ್ಲಿ. ಮೈಎಸ್‌ಕ್ಯೂಎಲ್‌ನ ಡ್ರೈವರ್ ನೇಮ್ ಕೇಳಿದರೆ ಟೇಬಲ್‌ನ ಮೂಲ ಕಾಲಮ್ ಹೆಸರು ಕೊಡುತ್ತದೆ, ಪೋಸ್ಟ್‌ಗ್ರೆಸ್‌ನದು ಎರಡಕ್ಕೂ ಲೇಬಲ್ಲನ್ನೇ ಕೊಡುತ್ತದೆ. ಹಾಗಾಗಿ ಯಾವಾಗಲೂ ಲೇಬಲ್ ಕೇಳಿ.

ಅಕ್ಷರಕ್ಕೆ ಅಕ್ಷರ ಅಂದೆ. ಇಂಗ್ಲಿಷ್ ಅಕ್ಷರದ ಅಲಿಯಾಸ್‌ಗಳಲ್ಲಿ ದೊಡ್ಡಕ್ಷರ, ಸಣ್ಣಕ್ಷರದ ತೊಂದರೆ ಇದೆ. ಕೋಟ್ ಹಾಕದೆ ಬರೆದ ಹೆಸರನ್ನು ಪೋಸ್ಟ್‌ಗ್ರೆಸ್ ಪೂರ್ತಿ ಸಣ್ಣಕ್ಷರಕ್ಕೆ ಇಳಿಸುತ್ತದೆ, ಒರಾಕಲ್ ಪೂರ್ತಿ ದೊಡ್ಡಕ್ಷರಕ್ಕೆ ಏರಿಸುತ್ತದೆ. ಮೈಎಸ್‌ಕ್ಯೂಎಲ್, ಎಸ್‌ಕ್ಯೂಲೈಟ್, ಎಸ್‌ಕ್ಯೂಎಲ್ ಸರ್ವರ್ ಬರೆದ ಹಾಗೇ ಇಡುತ್ತವೆ. ಎರಡು ಪದ ಸೇರಿಸಿ ನಡುವೆ ಒಂದು ದೊಡ್ಡಕ್ಷರ ಇಡುವ ಶೈಲಿಯ ಅಲಿಯಾಸ್ ಬಳಸುವವರಿಗೆ ಇದು ಮೊದಲ ದಿನವೇ ಕಾಡುತ್ತದೆ. ಸಣ್ಣಕ್ಷರ ಮತ್ತು ಅಂಡರ್‌ಸ್ಕೋರ್‌ನ ಹೆಸರುಗಳನ್ನೇ ನಾನು ಸೂಚಿಸುವುದು, ಕನಿಷ್ಠ ಪೋಸ್ಟ್‌ಗ್ರೆಸ್ ಇರುವ ಕಡೆಯಾದರೂ.

ಕನ್ನಡ ಅಕ್ಷರಗಳಿಗೆ ದೊಡ್ಡದು ಸಣ್ಣದು ಅಂತ ಇಲ್ಲ. ಅವುಗಳ ತೊಂದರೆ ಉದ್ದದ್ದು. ರಿಪೋರ್ಟ್‌ನಲ್ಲಿ ಓದುವವರಿಗೆ ಅರ್ಥವಾಗಲಿ ಅಂತ ಅಲಿಯಾಸನ್ನು ಕನ್ನಡದಲ್ಲೇ ಬರೆಯುವುದು ಒಳ್ಳೆಯದೇ, ಪೋಸ್ಟ್‌ಗ್ರೆಸ್ ಅದನ್ನು ಒಪ್ಪುತ್ತದೆ. ಆದರೆ ಅದರ ಹೆಸರುಗಳ ಮಿತಿ 63 ಬೈಟ್. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರ, ಪ್ರತಿ ಸ್ವರಚಿಹ್ನೆ, ಒತ್ತಕ್ಷರ ಮಾಡುವ ಪ್ರತಿ ಹಲಂತ ಚಿಹ್ನೆಗೂ (್) 3 ಬೈಟ್ ಬೇಕು. 'ಒಟ್ಟು' ಅನ್ನುವುದು ನಮ್ಮ ಕಣ್ಣಿಗೆ ಎರಡಕ್ಷರ. ಒಳಗೆ ಅದು ಐದು ತುಣುಕು, 15 ಬೈಟ್. ಈಗ ಒಂದೇ ರಿಪೋರ್ಟ್‌ನಲ್ಲಿ ಎರಡು ಕಾಲಮ್ ನೋಡಿ: "ಕಳೆದ ತಿಂಗಳ ಒಟ್ಟು ಮಾರಾಟದ ಮೊತ್ತ", "ಕಳೆದ ತಿಂಗಳ ಒಟ್ಟು ಮಾರಾಟದ ತೆರಿಗೆ". 'ಮಾರಾಟದ' ಅನ್ನುವಲ್ಲಿಗೆ ಸರಿಯಾಗಿ 63 ಬೈಟ್ ಮುಗಿಯುತ್ತದೆ. ಮುಂದಿನದನ್ನು ಪೋಸ್ಟ್‌ಗ್ರೆಸ್ ಕತ್ತರಿಸುತ್ತದೆ. ಎರಡೂ ಕಾಲಮ್‌ಗಳ ಹೆಸರು "ಕಳೆದ ತಿಂಗಳ ಒಟ್ಟು ಮಾರಾಟದ" ಎಂದಾಗುತ್ತದೆ. ಎರರ್ ಬರುವುದಿಲ್ಲ, ಒಂದು ನೋಟಿಸ್ ಬರುತ್ತದೆ. ಅದನ್ನು ಸಾಮಾನ್ಯವಾಗಿ ಯಾರೂ ಓದುವುದಿಲ್ಲ, ಅಲ್ವಾ? ಆಮೇಲೆ ಡಿಕ್ಷನರಿಗೆ ತುಂಬಿಸಿದರೆ ಮೊತ್ತದ ಜಾಗದಲ್ಲಿ ತೆರಿಗೆ ಕೂತಿರುತ್ತದೆ. ನನ್ನ ಸಲಹೆ ಇಷ್ಟು: ಕ್ವೆರಿಯಲ್ಲಿ ಚಿಕ್ಕ ಹೆಸರು ಇಡಿ, ಓದುಗರಿಗೆ ತೋರಿಸುವ ಉದ್ದದ ಶೀರ್ಷಿಕೆಯನ್ನು ರಿಪೋರ್ಟ್ ಕೋಡ್‌ನಲ್ಲಿ ಹಾಕಿ.

ಹೆಸರಿನ ಟೆಸ್ಟ್ ಹೆಸರಿಗೆ ಸಂಬಂಧವೇ ಇಲ್ಲದ ತಪ್ಪನ್ನೂ ಹಿಡಿಯುವುದುಂಟು. ಎಸ್‌ಕ್ಯೂಲೈಟ್‌ನಲ್ಲಿ ಡಬಲ್ ಕೋಟ್ ಒಳಗೆ ಕಾಲಮ್ ಹೆಸರು ಬರೆದು ಒಂದಕ್ಷರ ತಪ್ಪಿದರೆ, ಮಾಮೂಲಿ ಸೆಟ್ಟಿಂಗ್‌ನಲ್ಲಿ 'ಅಂಥ ಕಾಲಮ್ ಇಲ್ಲ' ಅನ್ನುವ ಎರರ್ ಬರುವುದಿಲ್ಲ. ಅದು ಬರೀ ಸ್ಟ್ರಿಂಗ್ ಇರಬೇಕು ಎಂದುಕೊಂಡು ಪ್ರತಿ ಸಾಲಿನಲ್ಲೂ ಆ ತಪ್ಪು ಪದವನ್ನೇ ಬೆಲೆಯಾಗಿ ಕೊಡುತ್ತದೆ. ಕಾಲಮ್ ಹೆಸರು ನೋಡಿದರೆ ತಕ್ಷಣ ಗೊತ್ತಾಗುತ್ತದೆ. ನಿಜವಾದ ಕಾಲಮ್ ಆಗಿದ್ದರೆ ಹೆಸರು ಕೋಟ್ ಇಲ್ಲದೆ ಬರುತ್ತಿತ್ತು, ಸ್ಟ್ರಿಂಗ್ ಆದ್ದರಿಂದ ಕೋಟ್ ಸಮೇತ ಬಂದಿರುತ್ತದೆ. 3.29ರಿಂದ ಈ ಹಳೆಯ ನಡವಳಿಕೆಯನ್ನು ಆಫ್ ಮಾಡಲು ಅವಕಾಶ ಇದೆ. ಹೊಸ ಪ್ರಾಜೆಕ್ಟ್‌ನಲ್ಲಿ ದಯವಿಟ್ಟು ಆಫ್ ಮಾಡಿ.

ಇಷ್ಟು ಓದಿದ ಮೇಲೆ ಒಂದು ವಿಷಯ ನಿಮಗೇ ಹೊಳೆದಿರುತ್ತದೆ. ಪ್ರೊಡಕ್ಷನ್‌ನಲ್ಲಿ (ನಿಜವಾದ ಬಳಕೆದಾರರಿಗೆ ಓಡುವ ಕಡೆ) ಪೋಸ್ಟ್‌ಗ್ರೆಸ್, ಟೆಸ್ಟ್‌ನಲ್ಲಿ ಬೇಗ ಓಡಲಿ ಅಂತ ಮೆಮೊರಿಯಲ್ಲಿ ಎಸ್‌ಕ್ಯೂಲೈಟ್. ಹೀಗೆ ನಡೆಸುವ ತಂಡಗಳು ಬಹಳ. ಹೆಸರಿನ ವಿಷಯದಲ್ಲಿ ಆ ಟೆಸ್ಟ್‌ನಿಂದ ಹೆಚ್ಚು ಪ್ರಯೋಜನವಿಲ್ಲ. ಒಂದು ಕಡೆ 'ಸಮ್', ಇನ್ನೊಂದು ಕಡೆ 'ಸಮ್(ಮೊತ್ತ)'. ಪ್ರೊಡಕ್ಷನ್‌ನಲ್ಲಿ ಓಡುವ ಅದೇ ಡೇಟಾಬೇಸ್, ಸಾಧ್ಯವಾದರೆ ಅದೇ ವರ್ಷನ್, ಅದೇ ಡ್ರೈವರ್ ಮೇಲೆ ಓಡಿಸಿದ ಟೆಸ್ಟನ್ನು ಮಾತ್ರ ಇಲ್ಲಿ ನಂಬಬಹುದು.

ಇನ್ನು ಕೆಲವನ್ನು ಬೇಗ ಹೇಳಿಬಿಡುತ್ತೇನೆ. ಎರಡು ಸೆಲೆಕ್ಟ್‌ಗಳ ಸಾಲುಗಳನ್ನು ಒಂದೇ ರಿಸಲ್ಟ್ ಆಗಿ ಸೇರಿಸುವ ಯೂನಿಯನ್ ಮಾಡಿದರೆ ಹೆಸರು ಮೊದಲ ಸೆಲೆಕ್ಟ್‌ನದು. ಎರಡನೆಯದರಲ್ಲಿ ಕೊಟ್ಟ ಅಲಿಯಾಸ್ ಲೆಕ್ಕಕ್ಕಿಲ್ಲ. ಎರಡು ಸೆಲೆಕ್ಟ್‌ಗಳನ್ನು ಯಾರಾದರೂ ಹಿಂದುಮುಂದು ಮಾಡಿದರೆ ಹೆಸರೂ ಬದಲಾಗುತ್ತದೆ. ಟೇಬಲ್ ಇಲ್ಲದೆ ಬೆಲೆಗಳನ್ನೇ ಕೊಡುವ ವ್ಯಾಲ್ಯೂಸ್ ಮಾತ್ರ ಬರೆದರೆ ಪೋಸ್ಟ್‌ಗ್ರೆಸ್ ಮತ್ತು ಎಸ್‌ಕ್ಯೂಲೈಟ್ 'ಕಾಲಮ್1' ಎಂದು ಎಣಿಸುತ್ತವೆ, ಮೈಎಸ್‌ಕ್ಯೂಎಲ್ 'ಕಾಲಮ್_0'ದಿಂದ ಶುರು ಮಾಡುತ್ತದೆ. ಪೋಸ್ಟ್‌ಗ್ರೆಸ್ ವ್ಯೂನಲ್ಲಿ (ಹೆಸರಿಟ್ಟು ಉಳಿಸಿದ ಕ್ವೆರಿಯಲ್ಲಿ) ಸ್ಟಾರ್ ಹಾಕಿದ್ದರೆ ಅದು ವ್ಯೂ ಮಾಡಿದ ಗಳಿಗೆಯಲ್ಲೇ ಹೆಸರುಗಳ ಪಟ್ಟಿಯಾಗಿ ಬಿಚ್ಚಿಕೊಂಡಿರುತ್ತದೆ. ಆಮೇಲೆ ಟೇಬಲ್‌ನಲ್ಲಿ ಕಾಲಮ್‌ನ ಹೆಸರು ಬದಲಿಸಿದರೂ ವ್ಯೂ ಹಳೆಯ ಹೆಸರನ್ನೇ ಕೊಡುತ್ತಿರುತ್ತದೆ. ಖಾಲಿ ರಿಸಲ್ಟ್‌ಗೂ ಒಂದು ಟೆಸ್ಟ್ ಇರಲಿ. ಒಂದೂ ಸಾಲು ಬರದಿದ್ದಾಗ ಹೆಸರುಗಳು ಸಿಗುತ್ತವೆಯೇ ಅನ್ನುವುದು ನೀವು ಕೇಳುವ ರೀತಿಯ ಮೇಲೆ ನಿಂತಿದೆ. ಎಸ್‌ಕ್ಯೂಲೈಟ್‌ನ ಎಕ್ಸೆಕ್ ಫಂಕ್ಷನ್ ಪ್ರತಿ ಸಾಲಿಗೊಮ್ಮೆ ನಿಮ್ಮ ಕಾಲ್‌ಬ್ಯಾಕ್ (ನೀವು ಕೊಟ್ಟ ಫಂಕ್ಷನ್) ಕರೆದು ಅದರ ಜೊತೆಗೇ ಹೆಸರು ಕೊಡುತ್ತದೆ. ಸಾಲಿಲ್ಲದಿದ್ದರೆ ಹೆಸರೂ ಇಲ್ಲ. ಕ್ವೆರಿಯನ್ನು ಓಡಿಸುವ ಮೊದಲು ಪ್ರಿಪೇರ್ ಮಾಡಿ ಕಾಲಮ್ ಹೆಸರು ಕೇಳಿದರೆ ಸಾಲು ಇರಲಿ ಬಿಡಲಿ, ಸಿಗುತ್ತದೆ.

ಡೇಟಾಬೇಸನ್ನೋ ಡ್ರೈವರನ್ನೋ ಬರೆಯುವವರ ಹೊಣೆ ಇನ್ನೂ ದೊಡ್ಡದು. ಎಸ್‌ಕ್ಯೂಲೈಟ್‌ನಲ್ಲಿ ಹೆಸರಿನ ರೂಪ ಬದಲಿಸುವ ಎರಡು ಪ್ರಾಗ್ಮಾಗಳು, ಅಂದರೆ ಸೆಟ್ಟಿಂಗ್‌ಗಳಿವೆ, ಶಾರ್ಟ್ ಕಾಲಮ್ ನೇಮ್ಸ್ ಮತ್ತು ಫುಲ್ ಕಾಲಮ್ ನೇಮ್ಸ್. ಮೊದಲನೆಯದು ಬರೀ ಕಾಲಮ್ ಹೆಸರು ಕೊಡುತ್ತದೆ, ಮಾಮೂಲಿಯಾಗಿ ಆನ್ ಇರುತ್ತದೆ. ಎರಡನೆಯದು ಟೇಬಲ್ ಹೆಸರು, ಚುಕ್ಕೆ, ಕಾಲಮ್ ಹೆಸರು ಸೇರಿಸಿ ಕೊಡುತ್ತದೆ. ಎರಡನ್ನೂ ಬಳಸಬೇಡಿ ಎಂದು ದಾಖಲೆ ಹೇಳುತ್ತದೆ, ಆದರೆ ತೆಗೆದುಹಾಕಿಲ್ಲ. 'ಆ್ಯಸ್' ಇಲ್ಲದ ಹೆಸರು ಮುಂದಿನ ವರ್ಷನ್‌ನಲ್ಲಿ ಬದಲಾಗಬಹುದು ಎಂದೂ ದಾಖಲೆಯಲ್ಲಿದೆ. ಹಾಗಿದ್ದೂ ಹೆಸರು ಹುಟ್ಟಿಸುವ ಭಾಗದ ಸೋರ್ಸ್ ಕೋಡ್‌ನಲ್ಲಿ, ಲೆಕ್ಕವಿಲ್ಲದಷ್ಟು ಅಪ್ಲಿಕೇಷನ್‌ಗಳು ಈಗಿನ ಹೆಸರುಗಳನ್ನೇ ನೆಚ್ಚಿಕೊಂಡಿವೆ, ಇಲ್ಲಿ ಕೈ ಹಾಕುವಾಗ ಬಹಳ ಜಾಗ್ರತೆ ಎಂದು ಬರೆದಿದ್ದಾರೆ. ಆ ಎಚ್ಚರಿಕೆಯನ್ನು ನಾನು ಗೌರವಿಸುತ್ತೇನೆ. ಮಾತು ಕೊಡದಿದ್ದರೂ ಬಳಸುವವರನ್ನು ಕೈಬಿಡದ ರೀತಿ ಅದು.

ಅಂಥ ಕಡೆ ಟೆಸ್ಟ್‌ಗಳು ಎರಡು ಗುಂಪಾಗಿ ಇರಬೇಕು. ಅಲಿಯಾಸ್ ಕೊಟ್ಟಾಗ ಅದೇ ಹೆಸರು ಬರುತ್ತದೆ ಅನ್ನುವುದು ಒಂದು ಗುಂಪು: ನೇರ ಕ್ವೆರಿ, ಸಬ್‌ಕ್ವೆರಿ, ವ್ಯೂ, ಜಾಯಿನ್, ಗ್ರೂಪ್ ಬೈ, ಎಲ್ಲದರಲ್ಲೂ. ಇದು ಮುರಿದರೆ ಬಿಡುಗಡೆ ನಿಲ್ಲಬೇಕು. ಅಲಿಯಾಸ್ ಇಲ್ಲದಾಗ ಈಗ ಏನು ಬರುತ್ತಿದೆ ಎಂದು ದಾಖಲಿಸುವುದು ಇನ್ನೊಂದು. ಅದು ಮುರಿದರೆ ಯಾರಾದರೂ ಕೂತು ನೋಡಿ, ಈ ಬದಲಾವಣೆ ಬೇಕೇ ಎಂದು ನಿರ್ಧರಿಸಿ, ಬೇಕಾದರೆ ರಿಲೀಸ್ ನೋಟ್ಸ್‌ನಲ್ಲಿ ಬರೆಯಬೇಕು. ಕ್ವೆರಿ ಬೇಗ ಓಡುವಂತೆ ಅದನ್ನು ಒಳಗೊಳಗೇ ಮಾರ್ಪಡಿಸುವ ಆಪ್ಟಿಮೈಸರ್ ಮುಟ್ಟಿದಾಗಲೆಲ್ಲ ಈ ಎರಡೂ ಗುಂಪನ್ನು ಓಡಿಸಿ. ಸಬ್‌ಕ್ವೆರಿಯನ್ನು ಬಿಚ್ಚಿ ಹೊರಗಿನ ಕ್ವೆರಿಗೆ ಸೇರಿಸುವ ಆಪ್ಟಿಮೈಸೇಷನ್ ಒಳಗಿನ ಎಕ್ಸ್‌ಪ್ರೆಷನ್ನನ್ನು ಹೊರಗೆ ತಂದಿಡುತ್ತದೆ. ಆಗ ಹೊರಗಿನ ಕಾಲಮ್ ತನ್ನ ಹಳೆಯ ಹೆಸರನ್ನೇ ಉಳಿಸಿಕೊಂಡಿದೆಯೇ ಎಂದು ನೋಡಲು, ಒಂದೇ ಕ್ವೆರಿಯನ್ನು ಆಪ್ಟಿಮೈಸೇಷನ್ ಆನ್ ಮಾಡಿ ಒಮ್ಮೆ, ಆಫ್ ಮಾಡಿ ಒಮ್ಮೆ ಓಡಿಸಿ ಎರಡು ಪಟ್ಟಿಗಳನ್ನು ಹೋಲಿಸಿದರೆ ಸಾಕು.