ಸತ್ತವನಿಗೊಂದು ಮದುವೆ: ರೊಮೇನಿಯಾದ ಕುರಿಗಾಹಿ ಲಾವಣಿ

ರೊಮೇನಿಯಾದಲ್ಲಿ ‘ಮಿಯೊರಿತ್ಸಾ’ ಲಾವಣಿ ಗೊತ್ತಿಲ್ಲದವರು ಸಿಗುವುದು ಕಷ್ಟ. ಕವಿ ವಾಸಿಲೆ ಅಲೆಕ್ಸಾಂದ್ರಿ ಅದನ್ನು 1850ರಲ್ಲಿ ಮೊದಲು ಅಚ್ಚು ಹಾಕಿಸಿದರು. ಕಥೆ ಚಿಕ್ಕದು. ಮೂವರು ಕುರಿಗಾಹಿಗಳು ಮಂದೆ ಹೊಡೆದುಕೊಂಡು ಬೆಟ್ಟದಿಂದ ಇಳಿಯುತ್ತಿದ್ದಾರೆ. ಅವರಲ್ಲಿ ಮೊಲ್ದೋವಾ ಸೀಮೆಯವನ ಕುರಿ, ಕುದುರೆ, ನಾಯಿಗಳ ಮೇಲೆ ಉಳಿದಿಬ್ಬರ ಕಣ್ಣು ಬಿದ್ದಿದೆ. ಅವನನ್ನು ಕೊಲ್ಲಲು ಸಂಚು ಹೂಡುತ್ತಾರೆ. ಒಂದು ಕುರಿಮರಿ ಸುಳಿವು ಕೊಡುತ್ತದೆ. ಅವನು ಓಡುವುದಿಲ್ಲ, ದೊಣ್ಣೆ ಹಿಡಿಯುವುದೂ ಇಲ್ಲ. ತನ್ನನ್ನು ಹೇಗೆ ಮಣ್ಣು ಮಾಡಬೇಕೆಂದು ಹೇಳತೊಡಗುತ್ತಾನೆ.

ಕುರಿದೊಡ್ಡಿಯ ಪಕ್ಕದಲ್ಲೇ ಹೂಳಬೇಕು. ತಲೆಯ ಬಳಿ ಕೊಳಲುಗಳನ್ನಿಡಬೇಕು, ಗಾಳಿ ಬೀಸಿದಾಗ ಅವು ನುಡಿದು ಕುರಿಗಳು ಸುತ್ತ ನೆರೆಯಬೇಕು. ಕೊಲೆಯ ಸುದ್ದಿ ಮಾತ್ರ ಕುರಿಗಳಿಗೆ ಗೊತ್ತಾಗಬಾರದು. ಲೋಕಕ್ಕೇ ಮದುವಣಗಿತ್ತಿಯಾದ ರಾಣಿಯನ್ನು ಅವನು ವರಿಸಿದನೆಂದು ಹೇಳು, ಅನ್ನುತ್ತಾನೆ ಕುರಿಮರಿಗೆ. ಆ ಮದುವೆಯಲ್ಲಿ ನಕ್ಷತ್ರವೊಂದು ಉದುರಿತು, ಸೂರ್ಯಚಂದ್ರರು ಮದುವೆಯ ಕಿರೀಟ ಹಿಡಿದರು, ಫರ್ ಮರಗಳು ನೆಂಟರಾದವು, ಬೆಟ್ಟಗಳು ಪಾದ್ರಿಗಳಾದವು, ಹಕ್ಕಿಗಳು ಪಿಟೀಲು ನುಡಿಸಿದವು.

ಇದನ್ನು ಸಾವಿಗೆ ತಲೆಬಾಗುವ ಮನೋಧರ್ಮ ಎಂದು ಹಲವರು ಕೊಂಡಾಡಿದರು, ಕೆಲವರು ಹಳಿದರು. ಇಬ್ಬರೂ ಊರಿನ ಸಾವಿನಮನೆಯತ್ತ ನೋಡಲಿಲ್ಲ ಅನ್ನಿಸುತ್ತದೆ. ಅಲ್ಲಿನ ಹಳ್ಳಿಗಳಲ್ಲಿ ಮದುವೆಯಾಗದ ಹುಡುಗಿ ತೀರಿಕೊಂಡರೆ ಮದುಮಗಳ ಉಡುಗೆಯಲ್ಲೇ ಹೂಳುತ್ತಿದ್ದರು. ಹುಡುಗ ಸತ್ತರೆ ಯುವಕರು ಕಾಡಿಗೆ ಹೋಗಿ ಫರ್ ಮರ ಕಡಿದು ತಂದು, ಅಲಂಕರಿಸಿ, ಗೋರಿಯ ತಲೆಭಾಗದಲ್ಲಿ ನೆಡುತ್ತಿದ್ದರು. ಮದುವೆಮನೆಯಲ್ಲಿ ಸಿಂಗರಿಸುವ ಮರವೂ ಇದೇ. ಅದಕ್ಕೆಂದೇ ಹೆಂಗಸರು ಹೇಳುವ ಹಾಡಿನಲ್ಲಿ ಮರ ಗೋಳಾಡುತ್ತದೆ: ಇಂಥ ಕೆಲಸಕ್ಕೆ ತರುತ್ತಾರೆಂದು ಗೊತ್ತಿದ್ದರೆ ನಾನು ಮೊಳಕೆಯೇ ಒಡೆಯುತ್ತಿರಲಿಲ್ಲ!

ರೊಮೇನಿಯಾದ ಓಲ್ತೇನಿಯಾ ಸೀಮೆಯ ಗೋರ್ಜ್ ಜಿಲ್ಲೆಯಲ್ಲಿ ಇಂಥ ಸಾವಿನ ಹಾಡುಗಳನ್ನು ಸಂಗ್ರಹಿಸಿದ ಸಂಗೀತ ವಿದ್ವಾಂಸ ಕಾನ್‌ಸ್ಟಾಂಟಿನ್ ಬ್ರೈಲೊಯು 1946ರಲ್ಲಿ ಗಂಟು ಬಿಚ್ಚಿದರು. ಮದುವೆ ಕಾಣದೆ ಹೋದ ಜೀವಕ್ಕೆ ತೃಪ್ತಿಯಿಲ್ಲ, ಅದು ಬದುಕಿರುವವರನ್ನು ಕಾಡೀತು; ಆದ್ದರಿಂದ ಸತ್ತ ಮೇಲಾದರೂ ಮದುವೆ ಮಾಡಿ ಕಳಿಸಬೇಕು. ಲಾವಣಿಯ ಮದುವೆಗೆ ಮೂಲ ಈ ವಿಧಿ ಎಂಬುದು ಅವರ ವಾದ. ತುಳುನಾಡಿನ ಕುಲೆ ಮದಿಮೆಯನ್ನು, ಅಂದರೆ ಮದುವೆಯಾಗದೆ ಸತ್ತವರಿಗೆ ಮಾಡುವ ಮದುವೆಯನ್ನು, ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನಗೆ ಈ ವಾದ ನಾಟುವುದು ಲಾವಣಿಯ ಕೊನೆಯ ಸಾಲುಗಳಿಂದ. ಮಗನನ್ನು ಹುಡುಕುತ್ತ ಮುದಿತಾಯಿ ಬಂದರೆ, ರಾಜಕುಮಾರಿಯನ್ನು ಮದುವೆಯಾದನೆಂದಷ್ಟೇ ಹೇಳು ಎನ್ನುತ್ತಾನೆ ಕುರಿಗಾಹಿ. ನಕ್ಷತ್ರ ಉದುರಿದ್ದನ್ನು, ಫರ್ ಮರಗಳು ನೆಂಟರಾಗಿದ್ದನ್ನು ಅವಳಿಗೆ ಹೇಳಬೇಡ! ಪ್ರತಿಯೊಬ್ಬರಿಗೂ ಆಕಾಶದಲ್ಲೊಂದು ನಕ್ಷತ್ರವಿದೆ, ಅವರು ಸತ್ತಾಗ ಅದು ಉದುರುತ್ತದೆ ಎಂಬುದು ರೊಮೇನಿಯಾದ ಜನರ ನಂಬಿಕೆ. ಫರ್ ಮರ ಯಾರ ಗೋರಿಗೆ ಹೋಗುತ್ತದೆಂದು ಹಳ್ಳಿಯ ತಾಯಿಗೆ ಗೊತ್ತೇ ಇರುತ್ತದೆ. ವಿವರ ಕೇಳಿದ ಕ್ಷಣ ಅವಳಿಗೆ ಎಲ್ಲ ತಿಳಿದುಬಿಡುತ್ತದೆ. ಹೀಗಾಗಿ ಆ ಬೆಟ್ಟಗಳೂ ಹಕ್ಕಿಗಳೂ ಬರೀ ಕವಿಯ ಕಲ್ಪನೆಯಲ್ಲ, ಕೇಳುಗರೆಲ್ಲರಿಗೂ ಪರಿಚಿತವಾದ ಶವಸಂಸ್ಕಾರ.

ರೊಮೇನಿಯಾದ ಇನ್ನೊಂದು ಸೀಮೆಯಾದ ಟ್ರಾನ್ಸಿಲ್ವೇನಿಯಾದಲ್ಲಿ ಇದೇ ಕಥೆಯನ್ನು ಕ್ರಿಸ್‌ಮಸ್ ಹೊತ್ತಿನ ಹಾಡಾಗಿ ಹೇಳುತ್ತಾರೆ. ಅಲ್ಲಿನ ಹೆಚ್ಚಿನ ಪಾಠಗಳಲ್ಲಿ ಮದುವೆಯ ಸುದ್ದಿಯೇ ಇಲ್ಲ. ದೊಡ್ಡಿಯ ಬಳಿ ಹೂಳಿ, ಕೊಳಲನ್ನು ಜೊತೆಗಿಡಿ ಎಂಬ ಮಾತು ಮಾತ್ರ ಅಲ್ಲೂ ಇದೆ.