ನಂಬರಿನ ಮುಂದೆ ಒಂದು ಅಡ್ಡಗೆರೆ: ಯುದ್ಧದ ಗೆಳೆಯರು ಬೇರೆಯಾದ ಕಥೆ

ಆ ನೋಟಿನ ಮೇಲೆ ರಾಜನ ಚಿತ್ರ ಇಲ್ಲ, ನಾಯಕನ ಚಿತ್ರವೂ ಇಲ್ಲ. ‘ಮಿತ್ರರಾಷ್ಟ್ರಗಳ ಸೇನಾಡಳಿತ’ ಅಂತ ಜರ್ಮನ್ ಭಾಷೆಯಲ್ಲಿ ಬರೆದಿದೆ, ಜೊತೆಗೆ ‘1944ರ ಸರಣಿ’ ಅಂತ. 1945ರಲ್ಲಿ ಸೋತ ಜರ್ಮನಿಯೊಳಗೆ ಬಂದು ಕೂತ ಅಮೆರಿಕ, ಬ್ರಿಟನ್, ಫ್ರಾನ್ಸ್, ಸೋವಿಯತ್ ಸೇನೆಗಳೆಲ್ಲ ಖರ್ಚು ಮಾಡಿದ್ದು ಇದೇ ಹಣವನ್ನು. ಸುಮ್ನೆ ನೋಡಿದರೆ ಎಲ್ಲ ನೋಟೂ ಒಂದೇ ತರಹ. ಆದರೆ ನಂಬರಿನ ಕಡೆ ಕಣ್ಣು ಹಾಯಿಸಿ. ಕೆಲವು ನೋಟುಗಳಲ್ಲಿ ನಂಬರಿಗೆ ಮುಂಚೆ ಒಂದು ಪುಟ್ಟ ಅಡ್ಡಗೆರೆ ಇದೆ. ಗೆರೆ ಇದ್ದರೆ ಸೋವಿಯತ್ ಅಚ್ಚು. ಇಲ್ಲದಿದ್ದರೆ ಅಮೆರಿಕದ ಅಚ್ಚು.

ಶೀತಲ ಸಮರ ಯಾಕೆ ಶುರುವಾಯಿತು ಅಂತ ಕೇಳಿದರೆ ಶಾಲೆಯಲ್ಲಿ ಹೇಳಿಕೊಟ್ಟ ಉತ್ತರ ನಮ್ಮೆಲ್ಲರಿಗೂ ಬಾಯಿಪಾಠ: ಒಂದು ಕಡೆ ಅಮೆರಿಕ, ಬ್ರಿಟನ್ನಿನ ಬಂಡವಾಳಶಾಹಿ, ಇನ್ನೊಂದು ಕಡೆ ಸೋವಿಯತ್ತಿನ ಕಮ್ಯುನಿಸಂ. ಅದೇನೂ ಸುಳ್ಳಲ್ಲ. ಆದರೆ ಆ ಸೈದ್ಧಾಂತಿಕ ಜಗಳ 1917ರ ರಷ್ಯಾ ಕ್ರಾಂತಿಯಿಂದಲೂ ಇತ್ತಲ್ಲ? ಅದನ್ನು ಇಟ್ಟುಕೊಂಡೇ ನಾಲ್ಕು ವರ್ಷ ಜೊತೆಗೆ ಹೋರಾಡಿದರಲ್ಲ? ಹಾಗಾದರೆ 1945ರ ನಂತರ ಹೊಸದಾಗಿ ಏನಾಯಿತು ಅನ್ನೋದೇ ಪ್ರಶ್ನೆ. ನನ್ನ ಮಟ್ಟಿಗೆ ಇದಕ್ಕೆ ಉತ್ತರ ಹುಡುಕಲು ಆ ಅಡ್ಡಗೆರೆಗಿಂತ ಒಳ್ಳೆಯ ಜಾಗ ಇಲ್ಲ.

ಮೊದಲಿಗೆ, ಇವರು ಯಾವತ್ತೂ ಆಪ್ತರಾಗಿರಲಿಲ್ಲ. ರಷ್ಯಾದಲ್ಲಿ ಕ್ರಾಂತಿಯಾದ ಮೇಲೆ ಬ್ರಿಟನ್ನು, ಅಮೆರಿಕ ಎರಡೂ ಅಲ್ಲಿಗೆ ಸೈನ್ಯ ಕಳಿಸಿದ್ದವು. ಸೋವಿಯತ್ ಸರ್ಕಾರವನ್ನು ಅಮೆರಿಕ ಒಪ್ಪಿಕೊಂಡದ್ದೇ 1933ರಲ್ಲಿ. 1939ರ ಆಗಸ್ಟ್‌ನಲ್ಲಿ ಸ್ಟಾಲಿನ್ ಹೋಗಿ ಹಿಟ್ಲರನ ಜೊತೆಗೇ ಒಪ್ಪಂದ ಮಾಡಿಕೊಂಡ. ಮರುತಿಂಗಳೇ ಇಬ್ಬರೂ ಸೇರಿ ಪೋಲೆಂಡನ್ನು ಹಂಚಿಕೊಂಡರು. 1941ರ ಜೂನ್ 22ರಂದು ಹಿಟ್ಲರ್ ಸೋವಿಯತ್ ಮೇಲೆ ಏರಿ ಹೋಗದಿದ್ದರೆ ಈ ದೋಸ್ತಿ ಹುಟ್ಟುತ್ತಲೇ ಇರಲಿಲ್ಲ. ಕಮ್ಯುನಿಸಂ ಕಂಡರೆ ಉರಿದುಬೀಳುತ್ತಿದ್ದ ಆಗಿನ ಬ್ರಿಟನ್ ಪ್ರಧಾನಿ ಚರ್ಚಿಲ್ ತನ್ನ ಕಾರ್ಯದರ್ಶಿಗೆ ಹೇಳಿದ್ದು ಹೀಗೆ: ಹಿಟ್ಲರ್ ನರಕದ ಮೇಲೆ ದಾಳಿ ಮಾಡಿದರೆ ನಾನು ಪಾರ್ಲಿಮೆಂಟಿನಲ್ಲಿ ಸೈತಾನನ ಬಗ್ಗೆಯೂ ಒಂದೆರಡು ಒಳ್ಳೆ ಮಾತಾಡುತ್ತೇನೆ. ಊರಿಗೆ ಬೆಂಕಿ ಬಿದ್ದಾಗ ಬಾವಿಯ ಹಗ್ಗ ಯಾರದು ಅಂತ ಯಾರೂ ಕೇಳುವುದಿಲ್ಲ, ಅಲ್ವಾ?

ಆದರೆ ಬೆಂಕಿ ಆರಿಸುವಾಗಲೇ ಲೆಕ್ಕ ಬರೆಯುವುದೂ ನಡೆದಿತ್ತು. ಅಮೆರಿಕ ಸೋವಿಯತ್‌ಗೆ ಸುಮಾರು 1,100 ಕೋಟಿ ಡಾಲರಿನ ಸಾಮಾನು ಕಳಿಸಿತು. ಸುಮಾರು 4 ಲಕ್ಷ ಲಾರಿ-ಜೀಪುಗಳು, ಡಬ್ಬಿಯಲ್ಲಿ ತುಂಬಿದ ಮಾಂಸ, ಬೂಟು, ರೈಲು ಎಂಜಿನ್ನು. ಬರ್ಲಿನ್ ಕಡೆಗೆ ಹೊರಟ ಕೆಂಪು ಸೇನೆಯ ರಾಕೆಟ್ಟುಗಳು ಎಷ್ಟೋ ಕಡೆ ಅಮೆರಿಕದ ಸ್ಟುಡಿಬೇಕರ್ ಲಾರಿಗಳ ಬೆನ್ನ ಮೇಲೆ ಕೂತಿದ್ದವು. ಇದು ಅಮೆರಿಕದವರ ಪುಸ್ತಕದಲ್ಲಿದ್ದ ಲೆಕ್ಕ. ಸೋವಿಯತ್ ಪುಸ್ತಕದಲ್ಲಿ ಬೇರೆ ಇತ್ತು. ಫ್ರಾನ್ಸ್ ಕಡೆಯಿಂದ ಎರಡನೇ ರಣರಂಗ ತೆರೆಯಿರಿ ಅಂತ ಸ್ಟಾಲಿನ್ 1941ರಿಂದ ಕೇಳುತ್ತಲೇ ಇದ್ದ. ಅದು ತೆರೆದದ್ದು 1944ರ ಜೂನ್ 6ಕ್ಕೆ. ಅಷ್ಟರಲ್ಲಿ ಸ್ಟಾಲಿನ್‌ಗ್ರಾಡ್ ಕದನ ಮುಗಿದಿತ್ತು, ಕುರ್ಸ್ಕ್ ಕದನವೂ ಮುಗಿದಿತ್ತು. ಯುದ್ಧ ಮುಗಿಯುವ ಹೊತ್ತಿಗೆ ಸತ್ತ ಸೋವಿಯತ್ ಜನ ಸುಮಾರು 2.7 ಕೋಟಿ. ಅಮೆರಿಕದವರು ಸುಮಾರು 4 ಲಕ್ಷ. ‘ನಾವು ಲಾರಿ ಕೊಟ್ಟೆವು’ ಅನ್ನುವವರೂ ‘ನಾವು ಜೀವ ಕೊಟ್ಟೆವು’ ಅನ್ನುವವರೂ ಲೆಕ್ಕ ಚುಕ್ತಾ ಮಾಡಲು ಕೂತರೆ ಏನಾಗಬೇಕೋ ಅದೇ ಆಯಿತು.

1945ರ ಏಪ್ರಿಲ್ 25ರಂದು ಎಲ್ಬೆ ನದಿಯ ದಡದಲ್ಲಿ ಎರಡು ಸೇನೆಗಳೂ ಸಿಕ್ಕವು. ಟೋರ್ಗಾವ್ ಊರಿನಲ್ಲಿ ಅಮೆರಿಕದ ಹುಡುಗರ ಹತ್ತಿರ ಬಾವುಟವೇ ಇರಲಿಲ್ಲ. ಬಿಳಿ ಬಟ್ಟೆಯೊಂದಕ್ಕೆ ಔಷಧಿ ಅಂಗಡಿಯ ಬಣ್ಣ ಬಳಿದು ಬಾವುಟ ಮಾಡಿ ಬೀಸಿದರು. ಮುರಿದ ಸೇತುವೆಯ ಕಬ್ಬಿಣ ಹಿಡಿದು ತೆವಳಿ ಬಂದು ಕೈ ಹಿಡಿದರು. ಪತ್ರಿಕೆಗಳಲ್ಲಿ ಬಂದ ಆ ಪ್ರಸಿದ್ಧ ಕೈಕುಲುಕುವ ಫೋಟೋ ಮಾತ್ರ ಮಾರನೇ ದಿನ ನಿಲ್ಲಿಸಿ ತೆಗೆದದ್ದು. ಇರಲಿ, ಸಂತೋಷ ನಿಜವಾದದ್ದೇ.

ದೊಡ್ಡವರ ಮಟ್ಟದಲ್ಲಿ ಅಷ್ಟರಲ್ಲೇ ಹಂಚಿಕೆ ನಡೆದಿತ್ತು. 1944ರ ಅಕ್ಟೋಬರ್‌ನಲ್ಲಿ ಮಾಸ್ಕೋದಲ್ಲಿ ಚರ್ಚಿಲ್ ಒಂದು ಹಾಳೆಯ ಮೇಲೆ ಬರೆದ: ರುಮೇನಿಯಾದಲ್ಲಿ ರಷ್ಯಾಕ್ಕೆ ಶೇ 90, ಗ್ರೀಸ್‌ನಲ್ಲಿ ಬ್ರಿಟನ್‌ಗೆ ಶೇ 90, ಯುಗೊಸ್ಲಾವಿಯಾದಲ್ಲಿ ಅರ್ಧ-ಅರ್ಧ. ಸ್ಟಾಲಿನ್ ನೀಲಿ ಪೆನ್ಸಿಲಿನಲ್ಲಿ ರೈಟ್ ಹಾಕಿದ. ಕೋಟಿಗಟ್ಟಲೆ ಜನರ ಹಣೆಬರಹವನ್ನು ಹೀಗೆ ಬರೆದದ್ದು ಯಾರಿಗಾದರೂ ಚೆನ್ನಾಗಿ ಕಾಣುತ್ತದಾ ಅಂತ ಚರ್ಚಿಲ್‌ಗೇ ಅಳುಕಾಗಿ, ಇದನ್ನು ಸುಟ್ಟುಬಿಡೋಣವೇ ಅಂದನಂತೆ. ಬೇಡ, ನೀವೇ ಇಟ್ಟುಕೊಳ್ಳಿ ಅಂದನಂತೆ ಸ್ಟಾಲಿನ್. ಮುಂದೆ ಚರ್ಚಿಲ್ ತಾನೇ ಬರೆದುಕೊಂಡಿರುವ ಸಂಗತಿ ಇದು. 1945ರ ಫೆಬ್ರುವರಿಯಲ್ಲಿ ಯಾಲ್ಟಾದಲ್ಲಿ ಮೂರೂ ದೇಶದ ನಾಯಕರು ಸೇರಿದಾಗ ಪೋಲೆಂಡಿಗೆ ಮುಕ್ತ ಚುನಾವಣೆ ಅಂತ ಮಾತಾಯಿತು. ಮಾತು ಮಾತಾಗಿಯೇ ಉಳಿಯಿತು. ಪಶ್ಚಿಮದಿಂದ ತನ್ನ ದೇಶಕ್ಕೆ ನುಗ್ಗಿದವರೆಲ್ಲ ಪೋಲೆಂಡ್ ದಾಟಿಯೇ ಬಂದರು ಅನ್ನೋದನ್ನು ಸ್ಟಾಲಿನ್ ಮರೆಯಲಿಲ್ಲ. ಪೋಲೆಂಡಿಗಾಗಿಯೇ 1939ರಲ್ಲಿ ಯುದ್ಧಕ್ಕಿಳಿದದ್ದನ್ನು ಬ್ರಿಟನ್ ಮರೆಯುವಂತಿರಲಿಲ್ಲ.

ಈಗ ನೋಟಿನ ವಿಷಯಕ್ಕೆ ಬರೋಣ.

ಜರ್ಮನಿಯಲ್ಲಿ ಬಳಸುವ ಸೇನಾ ನೋಟನ್ನು ಅಮೆರಿಕ ಮುಂಚೆಯೇ ಮುದ್ರಿಸಲು ಹೊರಟಿತ್ತು. ಬೇಕಾದಷ್ಟು ನೋಟು ನಿಮಗೂ ಕೊಡುತ್ತೇವೆ ಅಂದರು. ಸೋವಿಯತ್‌ನವರು ಬೇಡ ಅಂದರು, ನೋಟಲ್ಲ, ಅಚ್ಚಿನ ಪ್ಲೇಟುಗಳನ್ನೇ ಕೊಡಿ ಅಂದರು. ನೋಟು ಮುದ್ರಿಸುವ ಇಲಾಖೆಯ ಅಧಿಕಾರಿಗಳು ಬೇಡವೇ ಬೇಡ ಅಂತ ತಲೆ ಅಲ್ಲಾಡಿಸಿದರು. ಒಂದೇ ನೋಟನ್ನು ಎರಡು ಕಡೆ ಅಚ್ಚು ಹಾಕಿದರೆ ಎಷ್ಟು ಹಾಕಿದರು ಅಂತ ಲೆಕ್ಕ ಇಡುವವರು ಯಾರು? ಆದರೆ ಇಲ್ಲ ಅಂದರೆ ಸೋವಿಯತ್ ತನ್ನದೇ ಬೇರೆ ನೋಟು ತರುತ್ತದೆ, ಒಂದೇ ಜರ್ಮನಿಯಲ್ಲಿ ಎರಡು ಹಣ ಓಡಾಡುತ್ತದೆ. ಮೇಲಾಗಿ ಯುದ್ಧದ ನಡುವೆ ಗೆಳೆಯನ ಮೇಲೆ ಅನುಮಾನ ತೋರಿಸಿದಂತಾಗುತ್ತದೆ. 1944ರ ವಸಂತದಲ್ಲಿ ಪ್ಲೇಟುಗಳು ಮಾಸ್ಕೋಗೆ ಹೋದವು.

ಬರ್ಲಿನ್ನಿನಲ್ಲಿ ಕೆಂಪು ಸೇನೆಯ ಸೈನಿಕರಿಗೆ ವರ್ಷಗಳ ಬಾಕಿ ಸಂಬಳ ಒಟ್ಟಿಗೆ ಸಿಕ್ಕಿತು, ಅಡ್ಡಗೆರೆ ಇದ್ದ ಹೊಸ ನೋಟಿನಲ್ಲಿ. ಅದನ್ನು ಊರಿಗೆ ಒಯ್ದರೆ ಉಪಯೋಗ ಇಲ್ಲ. ಇಲ್ಲೇ ಖಾಲಿ ಮಾಡಬೇಕು. ಅವರಿಗೆ ಬೇಕಿದ್ದದ್ದು ಗಡಿಯಾರ. ಅಮೆರಿಕದ ಸೈನಿಕನಿಗೆ ಅದೇ ನೋಟು ಬೇರೆ ತರಹ: ಹತ್ತು ಮಾರ್ಕಿಗೆ (ಮಾರ್ಕು ಅಂದರೆ ಜರ್ಮನಿಯ ಹಣ) ಒಂದು ಡಾಲರಿನ ಹಾಗೆ ಮನೆಗೆ ಕಳಿಸಬಹುದಿತ್ತು. ಮುಂದೇನಾಯಿತು ಅಂತ ಹೇಳಲೇಬೇಕಿಲ್ಲ. ಕೆಲವು ಡಾಲರಿನ ಮಿಕ್ಕಿಮೌಸ್ ವಾಚು ನೂರಾರು ಡಾಲರಿಗೆ ಹೋಯಿತು. ಸಿಗರೇಟು, ಚಾಕೊಲೇಟು, ಸಿಕ್ಕಿದ್ದೆಲ್ಲ ಮಾರಾಟವಾಯಿತು. ತಿಂಗಳ ಸಂಬಳಕ್ಕಿಂತ ಜಾಸ್ತಿ ದುಡ್ಡನ್ನು ಹುಡುಗರು ಊರಿಗೆ ಕಳಿಸತೊಡಗಿದರು. ಆ ಡಾಲರು ಹೊರಟಿದ್ದು ಅಮೆರಿಕದ ಖಜಾನೆಯಿಂದ. ಗಡಿಯಾರದ ಮೋಹಕ್ಕೆ ಇನ್ನೊಂದು ಗುರುತೂ ಇದೆ: ಜರ್ಮನಿಯ ಸಂಸತ್ ಭವನ ರೈಷ್‌ಸ್ಟಾಗ್ ಮೇಲೆ ಕೆಂಪು ಬಾವುಟ ಹಾರಿಸುವ ಫೋಟೋ ಎಲ್ಲರೂ ನೋಡಿರುತ್ತೀರಿ. ಅದರಲ್ಲಿ ಒಬ್ಬನ ಎರಡೂ ಕೈಯಲ್ಲಿ ವಾಚು ಕಾಣುತ್ತಿತ್ತು. ಒಂದನ್ನು ತಿದ್ದಿ ಅಳಿಸಿಯೇ ಪ್ರಕಟಿಸಿದರು.

ಇದೆಲ್ಲ ಕೇಳೋಕೆ ತಮಾಷೆ. ಇದರ ಹಿಂದೆ ಇದ್ದ ಪ್ರಶ್ನೆ ಮಾತ್ರ ತಮಾಷೆಯದಲ್ಲ. ಜರ್ಮನಿಯ ಖರ್ಚು ಯಾರು ಹೊರಬೇಕು? ಸೋವಿಯತ್ ಕೇಳಿದ ಯುದ್ಧ ಪರಿಹಾರ 1,000 ಕೋಟಿ ಡಾಲರ್. ಊರೂರೇ ಸುಟ್ಟು ಹೋಗಿದ್ದ ದೇಶ ಅದು, ಕೇಳಿದ್ದರಲ್ಲಿ ತಪ್ಪಿರಲಿಲ್ಲ ಅಂತಲೇ ನನ್ನ ಅನಿಸಿಕೆ. ಜರ್ಮನಿಯನ್ನು ನಾಲ್ಕೂ ದೇಶ ನಾಲ್ಕು ವಲಯವಾಗಿ ಹಂಚಿಕೊಂಡಿದ್ದವು. ಸೋವಿಯತ್ ತನ್ನ ವಲಯದ ಕಾರ್ಖಾನೆಗಳನ್ನು, ರೈಲು ಹಳಿಗಳನ್ನೂ ಬಿಚ್ಚಿ ಒಯ್ದಿತು. ಇತ್ತ ಬ್ರಿಟನ್, ಅಮೆರಿಕದ ವಲಯಗಳಲ್ಲಿ ಜನ ಹಸಿದಿದ್ದರು, ಗೋಧಿಯನ್ನು ಹೊರಗಿಂದ ತರಿಸಿ ಹಾಕಬೇಕಿತ್ತು. ಯುದ್ಧ ನಡೆದಾಗಲೂ ಬ್ರೆಡ್ಡಿಗೆ ರೇಷನ್ ಮಾಡದಿದ್ದ ಬ್ರಿಟನ್ 1946ರ ಜುಲೈನಲ್ಲಿ ಅದನ್ನೂ ಮಾಡಿತು. ಹಸುವಿಗೆ ಹುಲ್ಲು ಹಾಕೋರು ನಾವು, ಹಾಲು ಕರ್ಕೊಂಡು ಹೋಗೋರು ಅವರು ಅನ್ನುವ ಸಿಟ್ಟು ಅಲ್ಲಿ ಬೆಳೆಯಿತು. 1946ರ ಮೇ ತಿಂಗಳಲ್ಲಿ ಅಮೆರಿಕ ತನ್ನ ವಲಯದಿಂದ ಪರಿಹಾರದ ಸಾಮಾನು ಕಳಿಸುವುದನ್ನು ನಿಲ್ಲಿಸಿತು.

ಸಿದ್ಧಾಂತದ ದೊಡ್ಡ ಮಾತುಗಳು ಜೋರಾದದ್ದೂ ಇದೇ ವರ್ಷ. ಫೆಬ್ರುವರಿ 9ರಂದು ಸ್ಟಾಲಿನ್ ಭಾಷಣ ಮಾಡಿ, ಯುದ್ಧಗಳ ಬೇರು ಇರುವುದೇ ಬಂಡವಾಳಶಾಹಿಯಲ್ಲಿ ಅಂದ. 22ರಂದು ಮಾಸ್ಕೋದ ಅಮೆರಿಕ ರಾಯಭಾರ ಕಚೇರಿಯಿಂದ ಜಾರ್ಜ್ ಕೆನನ್ ಸಾವಿರಾರು ಪದಗಳ ಟೆಲಿಗ್ರಾಂ ಕಳಿಸಿದ. ಪಾಪ, ಮನುಷ್ಯ ಆಗ ಹುಷಾರಿಲ್ಲದೆ ಮಲಗಿದ್ದ. ಸೋವಿಯತ್ ಸರ್ಕಾರಕ್ಕೆ ಹೊರಗಿನ ಲೋಕದ ಬಗ್ಗೆ ಇರುವ ಭಯ ವಾಸಿಯಾಗುವಂಥದ್ದಲ್ಲ, ಬಲ ತೋರಿಸಿದರೆ ಮಾತ್ರ ಹಿಂದೆ ಸರಿಯುತ್ತದೆ ಅನ್ನೋದು ಅದರ ಸಾರ. ಮಾರ್ಚ್ 5ಕ್ಕೆ ಅಮೆರಿಕದ ಫುಲ್ಟನ್ ಅನ್ನುವ ಚಿಕ್ಕ ಊರಿನ ಕಾಲೇಜಿನಲ್ಲಿ ಚರ್ಚಿಲ್, ಯುರೋಪಿನ ನಡುವೆ ‘ಕಬ್ಬಿಣದ ಪರದೆ’ ಬಿದ್ದಿದೆ ಅನ್ನುವ ಭಾಷಣ ಮಾಡಿದ. ಅದೇ ತಿಂಗಳು ಸ್ಟಾಲಿನ್ ಅವನನ್ನು ಹಿಟ್ಲರನಿಗೆ ಹೋಲಿಸಿದ. ಸೆಪ್ಟೆಂಬರಿನಲ್ಲಿ ವಾಷಿಂಗ್ಟನ್ನಿನಿಂದ ಸೋವಿಯತ್ ರಾಯಭಾರಿ ನೊವಿಕೋವ್ ಕೂಡ ಒಂದು ಉದ್ದದ ಟೆಲಿಗ್ರಾಂ ಕಳಿಸಿದ: ಅಮೆರಿಕ ಇಡೀ ಲೋಕವನ್ನು ಆಳಲು ಹೊರಟಿದೆ ಅಂತ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ, ಕನ್ನಡಿಯ ಮುಂದೆ ನಿಂತು ಇಬ್ಬರೂ ಬೈದುಕೊಂಡ ಹಾಗಿದೆ.

ಬ್ರಿಟನ್ನಿನ ಜೇಬು ಖಾಲಿಯಾದದ್ದು ಇನ್ನೊಂದು ತಿರುವು. 1947ರ ಫೆಬ್ರುವರಿ 20ರಂದು ಪ್ರಧಾನಿ ಆಟ್ಲಿ ಭಾರತ ಬಿಟ್ಟು ಹೋಗಲು ಗಡುವು ಘೋಷಿಸಿದರು. ಅದರ ಮಾರನೇ ದಿನವೇ, ಗ್ರೀಸ್ ಮತ್ತು ಟರ್ಕಿಗೆ ಇನ್ನು ನಮ್ಮಿಂದ ದುಡ್ಡು ಕೊಡಲು ಆಗದು ಅಂತ ಬ್ರಿಟನ್ ಅಮೆರಿಕಕ್ಕೆ ತಿಳಿಸಿತು. ನಮ್ಮ ಸ್ವಾತಂತ್ರ್ಯದ ಕಥೆಯೂ ಶೀತಲ ಸಮರದ ಕಥೆಯೂ ಒಂದೇ ಖಾಲಿ ಖಜಾನೆಯ ಬಾಗಿಲಲ್ಲಿ ಹಾದುಹೋಗಿವೆ ಅನ್ನೋದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಮಾರ್ಚ್ 12ಕ್ಕೆ ಅಮೆರಿಕದ ಅಧ್ಯಕ್ಷ ಟ್ರೂಮನ್ ಅಲ್ಲಿನ ಸಂಸತ್ತಿನ ಮುಂದೆ ನಿಂತು 40 ಕೋಟಿ ಡಾಲರ್ ಕೇಳಿದ. ಎರಡು ದೂರದ ದೇಶಗಳಿಗೆ ನೆರವು ಅಂದರೆ ಯಾರು ಕೊಡುತ್ತಾರೆ? ಹಾಗಾಗಿ ಸ್ವತಂತ್ರ ಬದುಕಿಗೂ ದಬ್ಬಾಳಿಕೆಯ ಬದುಕಿಗೂ ನಡುವಿನ ಆಯ್ಕೆ ಇದು ಅಂತ ಹೇಳಿದ. ಜೂನ್‌ನಲ್ಲಿ ಯುರೋಪನ್ನು ಮತ್ತೆ ಕಟ್ಟಲು ಅಮೆರಿಕ ನೆರವು ಕೊಡುವ ಮಾರ್ಷಲ್ ಯೋಜನೆ ಬಂತು. ಮುಂದಿನ ವರ್ಷಗಳಲ್ಲಿ ಪಶ್ಚಿಮ ಯುರೋಪಿಗೆ ಸುಮಾರು 1,300 ಕೋಟಿ ಡಾಲರ್ ಹರಿಯಿತು. ಮಾತುಕತೆಗೆ ಪ್ಯಾರಿಸಿಗೆ ಬಂದಿದ್ದ ಸೋವಿಯತ್ ವಿದೇಶಾಂಗ ಸಚಿವ ಮೊಲೊಟೋವ್ ಎದ್ದು ಹೋದ. ಒಪ್ಪಿಕೊಂಡಿದ್ದ ಚೆಕೊಸ್ಲೊವಾಕಿಯಾವನ್ನು ಮಾಸ್ಕೋ ಹಿಂದಕ್ಕೆ ಎಳೆಯಿತು. ಸೆಪ್ಟೆಂಬರಿನಲ್ಲಿ ಸೋವಿಯತ್ ಪಕ್ಷದ ನಾಯಕ ಜ್ದಾನೋವ್, ಲೋಕ ಎರಡು ಪಾಳೆಯವಾಗಿದೆ ಅಂತ ಸಾರಿದ. 1948ರ ಫೆಬ್ರುವರಿಯಲ್ಲಿ ಪ್ರಾಗ್‌ನಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದರು.

ಜರ್ಮನಿಯಲ್ಲಿ ಈ ನಡುವೆ ಹಣ ಅನ್ನೋದಕ್ಕೆ ಬೆಲೆಯೇ ಇರಲಿಲ್ಲ. ವ್ಯವಹಾರ ನಡೆಯುತ್ತಿದ್ದದ್ದು ಅಮೆರಿಕದ ಸಿಗರೇಟಿನಲ್ಲಿ. ಹೊಸ ನೋಟು ಬೇಕು ಅಂತ ನಾಲ್ಕೂ ದೇಶ ಒಪ್ಪಿದ್ದವು. ಎಲ್ಲಿ ಅಚ್ಚು ಹಾಕೋದು ಅನ್ನುವಲ್ಲಿ ಮಾತು ನಿಂತಿತು. ಬರ್ಲಿನ್ನಿನಲ್ಲಿ ಎಲ್ಲರ ಕಣ್ಣೆದುರು ಹಾಕೋಣ ಅಂದಿತು ಅಮೆರಿಕ. ನಮ್ಮ ವಲಯದ ಲೈಪ್‌ಜಿಗ್‌ಗೂ ಒಂದು ಜೊತೆ ಪ್ಲೇಟು ಬೇಕು ಅಂದಿತು ಸೋವಿಯತ್. ಅಮೆರಿಕದ ಸೇನಾಧಿಕಾರಿ ಕ್ಲೇ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಗಡಿಯಾರದ ಕಾಲ ಇನ್ನೂ ನೆನಪಿತ್ತು.

1948ರ ಮಾರ್ಚ್ 20ರಂದು ನಾಲ್ಕು ದೇಶಗಳ ಜಂಟಿ ಸಮಿತಿಯಿಂದ ಸೋವಿಯತ್ ಮಾರ್ಷಲ್ ಸೊಕೊಲೊವ್‌ಸ್ಕಿ ಎದ್ದು ನಡೆದ. ಅಷ್ಟರಲ್ಲಿ ಅಮೆರಿಕದಲ್ಲಿ ಗುಟ್ಟಾಗಿ ಅಚ್ಚಾದ ಹೊಸ ನೋಟುಗಳು ಸುಮಾರು 23 ಸಾವಿರ ಪೆಟ್ಟಿಗೆಗಳಲ್ಲಿ ಹಡಗೇರಿ ಜರ್ಮನಿಗೆ ಬರತೊಡಗಿದ್ದವು. ಜೂನ್ 18ರ ಶುಕ್ರವಾರ ಸಂಜೆ ಘೋಷಣೆ. 2016ರ ನವೆಂಬರ್ 8ರ ರಾತ್ರಿ ಟಿವಿ ಮುಂದೆ ಕೂತು ಕೈಯಲ್ಲಿದ್ದ ಐನೂರರ ನೋಟು ನೋಡಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭಾನುವಾರ ಜನ ರೇಷನ್ ಕಾರ್ಡಿನ ಕಚೇರಿಗಳ ಮುಂದೆ ಕ್ಯೂ ನಿಂತು ತಲೆಗೆ 40 ಹೊಸ ಮಾರ್ಕು ತಗೊಂಡರು. ಬ್ಯಾಂಕಿನಲ್ಲಿದ್ದ ಉಳಿತಾಯ ಕರಗಿಹೋಯಿತು: ಕೊನೆಗೆ ನೂರು ಹಳೆ ಮಾರ್ಕಿಗೆ ಸಿಕ್ಕಿದ್ದು ಆರೂವರೆ. ಆದರೆ ಸೋಮವಾರ ಬೆಳಿಗ್ಗೆ ಅಂಗಡಿಗಳಲ್ಲಿ ಪಾತ್ರೆ, ಬೂಟು, ಬೆಣ್ಣೆ ಎಲ್ಲ ಕಾಣಿಸಿಕೊಂಡವು. ಅಷ್ಟು ದಿನ ಬಚ್ಚಿಟ್ಟಿದ್ದ ಸಾಮಾನು ಅವು.

ಪಶ್ಚಿಮದಲ್ಲಿ ರದ್ದಾದ ಹಳೆ ನೋಟುಗಳೆಲ್ಲ ಪೂರ್ವಕ್ಕೆ ನುಗ್ಗುವ ಅಪಾಯ ಈಗ ಸೋವಿಯತ್‌ಗೆ. ಹೊಸ ನೋಟು ತಯಾರಿರಲಿಲ್ಲ. ಗಡಿಬಿಡಿಯಲ್ಲಿ ಹಳೆ ನೋಟಿನ ಮೇಲೆ ಚೀಟಿ ಅಂಟಿಸಿ ಹಂಚಿದರು. ಜನ ಅದನ್ನು ‘ವಾಲ್‌ಪೇಪರ್ ಮಾರ್ಕು’ ಅಂತ ಆಡಿಕೊಂಡರು. ಬರ್ಲಿನ್ ಇದ್ದದ್ದು ಸೋವಿಯತ್ ವಲಯದ ನಡುವೆ, ಆದರೆ ಅದನ್ನೂ ನಾಲ್ಕೂ ದೇಶ ಹಂಚಿಕೊಂಡಿದ್ದವು. ಇಡೀ ಬರ್ಲಿನ್ನಿಗೆ ಇದೇ ಹಣ ಅಂದರು ಸೋವಿಯತ್‌ನವರು. ಒಪ್ಪದ ಪಶ್ಚಿಮದವರು ತಮ್ಮ ನೋಟಿಗೆ ‘ಬಿ’ ಅಂತ ಮೊಹರು ಹೊಡೆದು ತಮ್ಮ ಪಾಲಿನ ಪಶ್ಚಿಮ ಬರ್ಲಿನ್‌ಗೆ ತಂದರು. ಜೂನ್ 24ರಂದು ಪಶ್ಚಿಮ ಬರ್ಲಿನ್ನಿನ ರೈಲು, ರಸ್ತೆ, ಕಾಲುವೆ ಬಂದ್. ಕೊಟ್ಟ ಕಾರಣ: ತಾಂತ್ರಿಕ ತೊಂದರೆ.

20 ಲಕ್ಷಕ್ಕೂ ಜಾಸ್ತಿ ಜನಕ್ಕೆ ಹಿಟ್ಟು, ಹಾಲಿನ ಪುಡಿ, ಕಲ್ಲಿದ್ದಲು ವಿಮಾನದಲ್ಲೇ ಬಂತು. ಸುಮಾರು 2.77 ಲಕ್ಷ ಹಾರಾಟ, 23 ಲಕ್ಷ ಟನ್, ಅದರಲ್ಲಿ ಮೂರನೇ ಎರಡು ಭಾಗ ಕಲ್ಲಿದ್ದಲು. ಮೂರು ವರ್ಷದ ಹಿಂದೆ ಇದೇ ಊರಿನ ಮೇಲೆ ಬಾಂಬು ಹಾಕಿದವರು ಇವರು. ಈಗ ಅವರ ವಿಮಾನಕ್ಕೆ ಬರ್ಲಿನ್ ಜನ ‘ಒಣದ್ರಾಕ್ಷಿ ಬಾಂಬರ್’ ಅಂತ ಹೆಸರಿಟ್ಟರು. ನನಗನಿಸುವುದು, ಎರಡು ಸಿದ್ಧಾಂತಗಳ ಜಗಳ ಸಾಮಾನ್ಯ ಜನರ ಮನಸ್ಸಿಗೆ ಇಳಿದದ್ದು ಇಲ್ಲೇ. ಒಂದು ಪಕ್ಷ ಬೆಳಕು ಆರಿಸಿತು, ಇನ್ನೊಂದು ಕಲ್ಲಿದ್ದಲು ತಂದಿತು. ಲಾರಿ ಕೊಟ್ಟವರು, ಜೀವ ಕೊಟ್ಟವರು ಅನ್ನುವ ಹಳೆ ಲೆಕ್ಕದ ಪುಸ್ತಕ ಯಾರಿಗೂ ಬೇಡವಾಯಿತು.

1949ರ ಮೇ 12ಕ್ಕೆ ದಿಗ್ಬಂಧನ ತೆರವಾಯಿತು. ಅಷ್ಟರಲ್ಲಿ ಪಶ್ಚಿಮದ ದೇಶಗಳ ಸೇನಾ ಒಕ್ಕೂಟ ನೇಟೊ ಹುಟ್ಟಿ ಐದು ವಾರ ಕಳೆದಿತ್ತು. ಅದೇ ತಿಂಗಳು ಪಶ್ಚಿಮ ಜರ್ಮನಿ, ಅಕ್ಟೋಬರಿನಲ್ಲಿ ಪೂರ್ವ ಜರ್ಮನಿ ಬೇರೆ ದೇಶಗಳಾದವು, ಬೇರೆ ಬೇರೆ ನೋಟಿನೊಂದಿಗೆ. ಅವು ಮತ್ತೆ ಒಂದಾದದ್ದು 1990ರ ಅಕ್ಟೋಬರ್ 3ರಂದು. ಹಣ ಮಾತ್ರ ಮೂರು ತಿಂಗಳು ಮೊದಲೇ ಒಂದಾಗಿತ್ತು. ಜುಲೈ 1ರ ನಡುರಾತ್ರಿ ಪೂರ್ವ ಬರ್ಲಿನ್ನಿನ ಅಲೆಕ್ಸಾಂಡರ್‌ಪ್ಲಾಟ್ಸ್‌ನಲ್ಲಿ ಬ್ಯಾಂಕಿನ ಬಾಗಿಲು ತೆರೆದಾಗ, ಪಶ್ಚಿಮದ ಮಾರ್ಕಿಗಾಗಿ ನೂಕುನುಗ್ಗಲು.